ಗೋಡೆ ಒಡೆಯುವ ಮುನ್ನ: ದೆಹಲಿಯ ಮನೆಗಳ ದುರಸ್ತಿ ಮತ್ತು ಭಾರದ ವಿಚಾರ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಸರ್ಕಾರದ ಕೆಲಸಕ್ಕೆಂದು ಬಂದು, ರಾಮಕೃಷ್ಣಪುರ ಮೊದಲಾದ ಕಡೆಗಳ ಸರ್ಕಾರಿ ವಸತಿಗಳಲ್ಲಿ ಬಹುಕಾಲ ಬಾಳಿದವರು. ಆ ವಸತಿಗಳಲ್ಲಿ ಒಂದು ಮೊಳೆ ಹೊಡೆಯುವುದಕ್ಕೂ ಹಿಂದುಮುಂದು ನೋಡಬೇಕಾಗಿತ್ತು. ನಿವೃತ್ತಿಯ ಹೊತ್ತಿಗೆ ಮಯೂರ ವಿಹಾರ, ಪಟಪರ್‌ಗಂಜ್, ದ್ವಾರಕಾ, ನೋಯ್ಡಾ, ಗುರುಗ್ರಾಮ ಇತ್ಯಾದಿ ಕಡೆಗಳಲ್ಲಿ ಸ್ವಂತದ ಮನೆಯೊಂದು ಕೈಗೆ ಬಂದಾಗ, ಇಷ್ಟು ದಿನ ತಡೆದಿದ್ದ ಆಸೆಗಳೆಲ್ಲ ಒಮ್ಮೆಲೇ ಮೇಲೇಳುವುದು ಸಹಜ. ಅಡುಗೆಮನೆ ದೊಡ್ಡದಾಗಬೇಕು, ದೇವರ ಮನೆಗೆ ಸ್ಥಳ ಬೇಕು, ಮೊಮ್ಮಕ್ಕಳು ಬಂದರೆ ಕೂಡಲು ಹಜಾರ ವಿಶಾಲವಾಗಬೇಕು. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಈ ಆಸೆಗಳ ದಾರಿಯಲ್ಲಿ ಯಾವುದಾದರೊಂದು ಗೋಡೆ ಅಡ್ಡ ನಿಲ್ಲುತ್ತದೆ. ಆ ಗೋಡೆ ಏನು ಮಾಡುತ್ತಿದೆ ಎಂಬುದನ್ನು ತಿಳಿಯದೆ ಅದನ್ನು ಒಡೆಯಬಾರದೆಂಬುದೇ ಪ್ರಕೃತ ಲೇಖನದ ವಿಷಯ.

ಮನೆ ದುರಸ್ತಿಗೆಂದು ಬ್ಯಾಂಕುಗಳು ಕೊಡುವ ಸಾಲದ ಕಾಗದಪತ್ರಗಳನ್ನು ಹಲವು ವರ್ಷ ಪರಿಶೀಲಿಸಿದವನಾದುದರಿಂದ ಒಂದು ಮಾತನ್ನು ಹೇಳಬಲ್ಲೆ. ಅವುಗಳಲ್ಲಿ ಹಕ್ಕುಪತ್ರ ಇರುತ್ತದೆ, ವರಮಾನದ ವಿವರ ಇರುತ್ತದೆ, ಖರ್ಚಿನ ಅಂದಾಜುಪಟ್ಟಿ ಇರುತ್ತದೆ. ಯಾವ ಗೋಡೆಯನ್ನು ತೆಗೆಯುತ್ತಾರೆ, ಅದರ ಮೇಲೆ ಎಷ್ಟು ಭಾರವಿದೆ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಸಾಲ ಮಂಜೂರಾಯಿತೆಂದರೆ ಕೆಲಸ ಕ್ಷೇಮವೆಂದು ತಿಳಿಯುವುದು ಭ್ರಮೆ. ಆ ಪರಿಶೀಲನೆಯನ್ನು ಮನೆಯವರೇ ಮಾಡಿಸಬೇಕು.

ನಮ್ಮವರಿಗೆ ಈ ವಿಷಯದಲ್ಲಿ ಒಂದು ವಿಶೇಷವಾದ ತೊಡಕು ಉಂಟು. ಮಲೆನಾಡಿನ ಅಥವಾ ಹಳೆಯ ಮೈಸೂರಿನ ತೊಟ್ಟಿಮನೆಯನ್ನು ನೆನೆದುಕೊಳ್ಳಿ. ಅಲ್ಲಿ ತೊಟ್ಟಿಯ ಸುತ್ತಿನ ಮಾಡನ್ನು ಹೊರುವುದು ಮರದ ಕಂಬ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಕಂಬಗಳ ನಡುವಣ ಮಣ್ಣಿನ ಅಡ್ಡಗೋಡೆ ಬಹುಮಟ್ಟಿಗೆ ಮರೆಗಾಗಿ ಇರತಕ್ಕದ್ದು. ಅಣ್ಣತಮ್ಮಂದಿರು ಪಾಲಾದಾಗ ನಡುವೆ ಒಂದು ಗೋಡೆ ಏಳುತ್ತಿತ್ತು, ಮುಂದಿನ ತಲೆಮಾರಿನಲ್ಲಿ ಅದು ಬೀಳುತ್ತಿತ್ತು; ಮಾಡು ಮಾತ್ರ ಹಾಗೆಯೇ ನಿಂತಿರುತ್ತಿತ್ತು. ಅಂಥ ಮನೆಯಲ್ಲಿ ಬೆಳೆದವರಿಗೆ, ಕಂಬ ಮುಟ್ಟಬಾರದು, ಗೋಡೆ ಮುಟ್ಟಬಹುದು ಎಂಬ ತಿಳಿವಳಿಕೆ ರಕ್ತಗತವಾಗಿ ಬಂದಿರುತ್ತದೆ. ದೆಹಲಿಯ ಅನೇಕ ಮನೆಗಳಲ್ಲಿ ಕಂಬವೇ ಇಲ್ಲ. ಅಲ್ಲಿ ಗೋಡೆಯೇ ಕಂಬ.

ದೆಹಲಿ ಅಭಿವೃದ್ಧಿ ಪ್ರಾಧಿಕಾರವು 1957ರ ಅಧಿನಿಯಮದಿಂದ ಹುಟ್ಟಿತು. 1967ರಿಂದ ಅದು ವಸತಿಗಳನ್ನು ಕಟ್ಟಿಸತೊಡಗಿತು. ಅದು ಕಟ್ಟಿಸಿದ ಮೂರು ನಾಲ್ಕು ಅಂತಸ್ತಿನ ಹಳೆಯ ಮನೆಗಳಲ್ಲಿ ಬಹಳಷ್ಟು ಇಟ್ಟಿಗೆಯ ಗೋಡೆಗಳ ಮೇಲೆಯೇ ನಿಂತಿವೆ. ಪ್ರತಿ ಅಂತಸ್ತಿನ ಕಾಂಕ್ರೀಟು ಚಾವಣಿಯೂ ಗೋಡೆಯ ಮೇಲೆ ಕುಳಿತಿರುತ್ತದೆ. ಆ ಗೋಡೆ ತನ್ನ ಭಾರವನ್ನೂ ಚಾವಣಿಯ ಭಾರವನ್ನೂ ಕೆಳಗಿನ ಗೋಡೆಗೆ ಒಪ್ಪಿಸುತ್ತದೆ. ಹೀಗೆ ಅಂತಸ್ತಿನಿಂದ ಅಂತಸ್ತಿಗೆ ಇಳಿದ ಭಾರವು ತಳಪಾಯವನ್ನು ಸೇರುತ್ತದೆ.

ಇದರ ಪ್ರಮಾಣ ಎಷ್ಟೆಂಬುದನ್ನು ಸ್ಥೂಲವಾಗಿ ಲೆಕ್ಕ ಹಾಕಿ ನೋಡಬಹುದು. ಗಿಲಾವು ಸೇರಿ 9 ಅಂಗುಲದ ಇಟ್ಟಿಗೆಯ ಗೋಡೆ ಚದರಡಿಗೆ ಸುಮಾರು 45 ಕಿಲೋ ತೂಗುತ್ತದೆ. 10 ಅಡಿ ಉದ್ದ, 10 ಅಡಿ ಎತ್ತರದ ಗೋಡೆಯೆಂದರೆ ನಾಲ್ಕೂವರೆ ಟನ್ನು. ನಾಲ್ಕು ಅಂತಸ್ತಿನ ಕಟ್ಟಡದ ತಳದ ಮನೆಯಲ್ಲಿ ಇಂಥ ಒಂದು ಗೋಡೆಯಿದ್ದರೆ, ಅದರ ಮೇಲೆ ಮೂರು ಗೋಡೆಗಳು, ಅಂದರೆ ಹದಿಮೂರೂವರೆ ಟನ್ನು. ಎರಡೂ ಪಕ್ಕದ ಕೋಣೆಗಳ ಚಾವಣಿಯ ಅರ್ಧರ್ಧ ಭಾರ ಇದರ ಮೇಲೆ ಬೀಳುವುದಾದರೆ, ನೆಲಹಾಸು, ಸಾಮಾನು, ಜನ ಎಲ್ಲವೂ ಸೇರಿ ಅಂತಸ್ತಿಗೆ ಐದು ಟನ್ನಿನಂತೆ ನಾಲ್ಕು ಚಾವಣಿಗಳಿಂದ ಇನ್ನೂ ಇಪ್ಪತ್ತು ಟನ್ನು. ಒಟ್ಟು ಮೂವತ್ತು ಟನ್ನಿಗೂ ಮೀರುತ್ತದೆ. ತಳದ ಮನೆಯವರು ಹಜಾರವನ್ನು ವಿಶಾಲಗೊಳಿಸಬೇಕೆಂದು ತೆಗೆಯಲೆಣಿಸಿದ ಹತ್ತಡಿ ಗೋಡೆ ಹೊತ್ತು ನಿಂತಿರುವುದು ಇಷ್ಟನ್ನು. ಅದು ಅವರೊಬ್ಬರ ಗೋಡೆಯಲ್ಲ. ಮೇಲಿನ ಮೂರು ಸಂಸಾರಗಳೂ ಅದರ ಮೇಲೆ ಮಲಗುತ್ತವೆ.

ಹಾಗಾದರೆ ಭಾರ ಹೊರುವ ಗೋಡೆಯನ್ನು ಗುರುತಿಸುವುದು ಹೇಗೆ? ಮೊದಲನೆಯ ಸೂಚನೆ ದಪ್ಪ. ಬಾಗಿಲ ಚೌಕಟ್ಟಿನ ಬಳಿ ಅಳೆದು ನೋಡಿದರೆ ಗಿಲಾವು ಸೇರಿ 10 ಅಂಗುಲದಷ್ಟಿರುವ ಗೋಡೆ ಒಂದು ಇಟ್ಟಿಗೆಯ ಉದ್ದದ್ದು, ಭಾರ ಹೊರುವ ಸಂಭವವುಳ್ಳದ್ದು. ಐದೂವರೆ ಅಂಗುಲದ ಸುಮಾರಿನಲ್ಲಿರುವುದು ಅರ್ಧ ಇಟ್ಟಿಗೆಯ ಅಡ್ಡಗೋಡೆ. ಎರಡನೆಯದು ಸ್ಥಾನ. ಮೇಲಿನ ಮನೆಯಲ್ಲಿಯೂ ಕೆಳಗಿನ ಮನೆಯಲ್ಲಿಯೂ ಅದೇ ಜಾಗದಲ್ಲಿ ಗೋಡೆಯಿದ್ದರೆ ಅದು ಭಾರದ ಹಾದಿಯಲ್ಲಿದೆಯೆಂದು ಶಂಕಿಸಬೇಕು. ಮೂರನೆಯದು ಮೂಲ ನಕ್ಷೆ; ಅದರ ಪ್ರತಿಯನ್ನು ಸಹಕಾರ ಸಂಘದಿಂದ ಅಥವಾ ಕಟ್ಟಿಸಿದ ಸಂಸ್ಥೆಯಿಂದ ಪಡೆಯಲು ಯತ್ನಿಸತಕ್ಕದ್ದು.

ಈ ಸೂಚನೆಗಳು ಶಂಕೆಯನ್ನು ಹುಟ್ಟಿಸಲು ಸಾಕು, ನಿರ್ಣಯಕ್ಕೆ ಸಾಲವು. ಕಂಬ ಮತ್ತು ತೊಲೆಗಳ ಮೇಲೆ ನಿಂತ ಕಟ್ಟಡಗಳಲ್ಲಿ ದಪ್ಪನೆಯ ಹೊರಗೋಡೆಯೂ ಬರಿಯ ಮರೆಯಾಗಿರಬಹುದು. ಇದಕ್ಕೆ ಪ್ರತಿಯಾಗಿ, ನೋಯ್ಡಾ, ಗುರುಗ್ರಾಮಗಳ ಈಚಿನ ಕೆಲವು ಗೋಪುರಗಳಲ್ಲಿ ಇಟ್ಟಿಗೆಯನ್ನೇ ಬಳಸದೆ ಗೋಡೆಗಳನ್ನೆಲ್ಲ ಕಾಂಕ್ರೀಟಿನಲ್ಲಿ ಎರಕ ಹೊಯ್ದಿರುತ್ತಾರೆ. ಅಲ್ಲಿ ತೆಳುವಾದ ಗೋಡೆಯೂ ಭಾರ ಹೊರುತ್ತಿರಬಹುದು. ಆದುದರಿಂದ ಕಡೆಯ ಮಾತನ್ನು ಕಟ್ಟಡದ ಬಲವನ್ನು ಬಲ್ಲ ಇಂಜಿನಿಯರು ಬಂದು ನೋಡಿ ಹೇಳಬೇಕು.

ನನ್ನ ಪರಿಚಯದ ಹಿರಿಯರೊಬ್ಬರು ಪೂರ್ವ ದೆಹಲಿಯಲ್ಲಿ ಮೊದಲ ಮಹಡಿಯ ಮನೆಯನ್ನು ಕೊಂಡು, ಅಡುಗೆಮನೆಗೂ ಹಜಾರಕ್ಕೂ ನಡುವಣ ಗೋಡೆಯನ್ನು ತೆಗೆಸಲು ಮಿಸ್ತ್ರಿಯನ್ನು ಕರೆಸಿದರು. ಆತ ಗೋಡೆಯನ್ನು ಬೆರಳಿನಿಂದ ತಟ್ಟಿ, “ಕುಛ್ ನಹೀಂ ಹೋಗಾ, ಸಾಬ್” ಎಂದ. ದೆಹಲಿಯಲ್ಲಿ ಮನೆ ದುರಸ್ತಿ ಮಾಡಿಸಿದವರಲ್ಲಿ ಈ ವಾಕ್ಯವನ್ನು ಕೇಳದವರಿಲ್ಲ. ಅವರ ಪುಣ್ಯಕ್ಕೆ ಮಗಳು ಒತ್ತಾಯಿಸಿ ಇಂಜಿನಿಯರೊಬ್ಬರನ್ನು ಕರೆತಂದಳು. ಅಳೆದಾಗ ಅದು 9 ಅಂಗುಲದ ಗೋಡೆ. ಮೇಲೆ ಎರಡು ಮನೆಗಳಲ್ಲಿಯೂ ಕೆಳಗೆ ಒಂದರಲ್ಲಿಯೂ ಅದೇ ಸ್ಥಾನದಲ್ಲಿತ್ತು. ಗೋಡೆ ಉಳಿಯಿತು. ಅಡುಗೆಮನೆಯ ಇನ್ನೊಂದು ಪಕ್ಕದಲ್ಲಿ ಉಗ್ರಾಣವನ್ನು ಬೇರ್ಪಡಿಸಿದ್ದ ಅರ್ಧ ಇಟ್ಟಿಗೆಯ ಅಡ್ಡಗೋಡೆಯನ್ನು ತೆಗೆದು ಬೇಕಾದ ಸ್ಥಳವನ್ನು ಪಡೆದರು.

ಗೋಡೆಯನ್ನು ಪೂರ್ತಿಯಾಗಿ ಒಡೆಯದಿದ್ದರೂ ಅದನ್ನು ಬಲಹೀನಗೊಳಿಸುವ ದಾರಿಗಳುಂಟು. ವಿದ್ಯುತ್ ತಂತಿಯ ಕೊಳವೆಗಾಗಿ, ನೀರಿನ ನಳಿಗೆಗಾಗಿ ಗೋಡೆಯಲ್ಲಿ ಕೊರೆಯುವ ಕಾಲುವೆಗಳು ಅಂಥವು. ನೇರ ಮೇಲಿನಿಂದ ಕೆಳಕ್ಕೆ ಕೊರೆದರೆ ಗೋಡೆಯ ದಪ್ಪದ ಮೂರನೆಯ ಒಂದು ಪಾಲನ್ನು, ಅಡ್ಡಲಾಗಿ ಕೊರೆದರೆ ಆರನೆಯ ಒಂದು ಪಾಲನ್ನು ಮೀರಬಾರದೆಂಬುದು ಇಂಜಿನಿಯರುಗಳು ಪಾಲಿಸುವ ನಿಯಮ. ಅಡ್ಡ ಕಾಲುವೆ ಹೆಚ್ಚು ಅಪಾಯಕರ. ಏಕೆಂದರೆ ಇಳಿದು ಬರುವ ಭಾರದ ಹಾದಿಯನ್ನು ಅದು ಉದ್ದಕ್ಕೂ ಕತ್ತರಿಸುತ್ತದೆ.

ತೆಗೆಯುವುದರಿಂದ ಬರುವ ಅಪಾಯದಂತೆ ಸೇರಿಸುವುದರಿಂದ ಬರುವ ಅಪಾಯವೂ ಒಂದಿದೆ. ಇದು ಕಣ್ಣಿಗೆ ಬೀಳುವುದು ಕಡಮೆ. ಹಳೆಯ ನೆಲವನ್ನು ಕೀಳುವ ಧೂಳು, ಗದ್ದಲ, ಖರ್ಚುಗಳನ್ನು ತಪ್ಪಿಸಲು ಅದರ ಮೇಲೆಯೇ ಹೊಸ ಕಲ್ಲನ್ನು ಹಾಸುವ ಪದ್ಧತಿ ಇಲ್ಲಿ ಬಳಕೆಯಲ್ಲಿದೆ. 20 ಮಿಲಿಮೀಟರು ದಪ್ಪದ ಅಮೃತಶಿಲೆಯೂ ಅದರಡಿಯ ಒಂದೂವರೆ ಅಂಗುಲದ ಗಾರೆಯೂ ಕೂಡಿ ಚದರಡಿಗೆ ಸುಮಾರು 12 ಕಿಲೋ ಆಗುತ್ತದೆ. ವಾಸದ ಕೋಣೆಯಲ್ಲಿ ಜನ, ಸಾಮಾನು ಎಲ್ಲಕ್ಕೂ ಸೇರಿ ಚಾವಣಿಯ ಲೆಕ್ಕದಲ್ಲಿ ಹಿಡಿಯುವ ಭಾರ ಚದರಡಿಗೆ ಸುಮಾರು 18 ಕಿಲೋ. ಅಂದರೆ ಅದರ ಮೂರರಲ್ಲಿ ಎರಡು ಪಾಲಿನಷ್ಟನ್ನು ಹೊಸ ನೆಲವೊಂದೇ ಸದಾಕಾಲಕ್ಕೂ ನುಂಗಿಬಿಡುತ್ತದೆ. 12 ಅಡಿಗೆ 15 ಅಡಿಯ ಕೋಣೆಯಲ್ಲಿ ಇದು ಎರಡು ಟನ್ನಿಗೂ ಹೆಚ್ಚು. ಆದುದರಿಂದ ಹಳೆಯ ನೆಲವನ್ನು ಕಿತ್ತೇ ಹೊಸದನ್ನು ಹಾಸುವುದು ಲೇಸು.

ಬಾಲ್ಕನಿಯನ್ನು ಇಟ್ಟಿಗೆಯಿಂದ ಮುಚ್ಚಿ ಕೋಣೆ ಮಾಡಿಕೊಳ್ಳುವುದು ಇನ್ನೂ ಕಠಿನವಾದ ವಿಷಯ. ಬಾಲ್ಕನಿಯು ಒಂದು ಕಡೆ ಮಾತ್ರ ಹಿಡಿತವುಳ್ಳ, ಹೊರಕ್ಕೆ ಚಾಚಿದ ಹಲಗೆ. ಕೈಯಲ್ಲಿ ತಟ್ಟೆಯನ್ನು ಹಿಡಿದು ತೋಳನ್ನು ನೀಡಿದವನಿಗೆ ಭಾರ ತುದಿಗೆ ಸರಿದಷ್ಟೂ ಕಷ್ಟ ಹೆಚ್ಚುವಂತೆ ಇಲ್ಲಿಯೂ ಆಗುತ್ತದೆ. ಹತ್ತಡಿ ಉದ್ದದ ಅರ್ಧ ಇಟ್ಟಿಗೆಯ ಗೋಡೆ, ಕಿಟಕಿಗೆ ಜಾಗ ಬಿಟ್ಟರೂ, ಒಂದೂವರೆ ಟನ್ನಿನಷ್ಟಾದೀತು; ಅದು ಬೀಳುವುದು ತುತ್ತತುದಿಯ ಮೇಲೆ. ಇಂಥ ಹಲಗೆಯಲ್ಲಿ ಮುಖ್ಯವಾದ ಕಬ್ಬಿಣದ ಕಂಬಿಗಳು ಇರುವುದು ಮೇಲ್ಭಾಗದಲ್ಲಿ ಎಂಬುದನ್ನೂ ನೆನಪಿಡಬೇಕು. ನೆಲ ಬದಲಿಸುವಾಗ ಬಾಲ್ಕನಿಯಲ್ಲಿ ಉಳಿಯನ್ನು ಆಳವಾಗಿ ಇಳಿಸಿದರೆ ಅದನ್ನು ಹಿಡಿದು ನಿಲ್ಲಿಸಿರುವ ಕಂಬಿಗೇ ಪೆಟ್ಟು ಬೀಳಬಹುದು.

2022ರ ಫೆಬ್ರವರಿ 10ರಂದು ಗುರುಗ್ರಾಮದ 109ನೆಯ ಸೆಕ್ಟರಿನ ಒಂದು ವಸತಿ ಗೋಪುರದಲ್ಲಿ ಆರನೆಯ ಅಂತಸ್ತಿನ ಮನೆಯೊಂದರ ನೆಲದ ಕೆಲಸ ನಡೆಯುತ್ತಿದ್ದಾಗ ಆ ಚಾವಣಿ ಕುಸಿಯಿತು. ಅದರ ಪೆಟ್ಟಿಗೆ ಕೆಳಗಿನ ಮನೆಗಳ ಚಾವಣಿಗಳೂ ಒಂದರ ಮೇಲೊಂದು ಬಿದ್ದುವು. ಇಬ್ಬರು ಮಹಿಳೆಯರು ತೀರಿಕೊಂಡರು. ಅನಂತರ ನಡೆದ ಪರೀಕ್ಷೆಯಲ್ಲಿ ಆ ಕಾಂಕ್ರೀಟಿನಲ್ಲಿ ಕ್ಲೋರೈಡು ಸೇರಿದ್ದುದು ಕಂಡುಬಂದಿತು. ಕ್ಲೋರೈಡಿನಿಂದ ಒಳಗಿನ ಕಂಬಿ ಬೇಗ ತುಕ್ಕು ಹಿಡಿಯುತ್ತದೆ. ಮೂಲದಲ್ಲಿಯೇ ದೋಷವಿದ್ದ ಚಾವಣಿಯ ಮೇಲೆ ಸಾಮಾನ್ಯವಾದ ದುರಸ್ತಿಯೂ ಅಪಾಯಕರವಾಗಬಹುದೆಂಬುದಕ್ಕೆ ಇದು ನಿದರ್ಶನ. ಚಾವಣಿಯಲ್ಲಿ ತುಕ್ಕಿನ ಕಂದು ಗೆರೆಗಳು, ಕಂಬಿಯ ಉದ್ದಕ್ಕೂ ಬಿರುಕು, ಉದುರುವ ಕಾಂಕ್ರೀಟು ಕಂಡರೆ ಹೊಸ ನೆಲದ ಯೋಚನೆಯನ್ನು ಬಿಟ್ಟು ಮೊದಲು ಆ ರೋಗಕ್ಕೆ ಮದ್ದು ಹುಡುಕಬೇಕು. ದೆಹಲಿಯವರು ಸೀಲನ್ ಎಂದು ಕರೆಯುವ ತೇವಕ್ಕೆ ಬಣ್ಣ ಬಳಿದು ಮರೆಮಾಡುವುದರಿಂದ ಪ್ರಯೋಜನವಿಲ್ಲ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ.

ಇವೆಲ್ಲಕ್ಕೂ ಮಿಗಿಲಾಗಿ ಭೂಕಂಪದ ವಿಚಾರವಿದೆ. 2016ರಲ್ಲಿ ಪರಿಷ್ಕರಿಸಿದ ಭಾರತೀಯ ಸಂಹಿತೆಯು ಕರ್ನಾಟಕದ ಬಹುಭಾಗವನ್ನು ಅಪಾಯ ಕಡಮೆಯಾದ ಎರಡನೆಯ ವಲಯದಲ್ಲಿಯೂ ದೆಹಲಿಯನ್ನು ನಾಲ್ಕನೆಯ ವಲಯದಲ್ಲಿಯೂ ಇರಿಸಿತು. ಊರಿನಲ್ಲಿ ನಡೆದದ್ದು ಇಲ್ಲಿಯೂ ನಡೆದೀತೆಂಬ ಧೈರ್ಯ ಸಲ್ಲದು. ಯಮುನೆಯ ಮೆಕ್ಕಲು ಮಣ್ಣಿನ ಮೇಲಿರುವ ಪೂರ್ವ ದೆಹಲಿಯಂಥ ಪ್ರದೇಶಗಳಲ್ಲಿ ಕಂಪನವು ಅರಾವಳಿಯ ಬಂಡೆಯ ಮೇಲಿನ ಪ್ರದೇಶಗಳಿಗಿಂತ ಹೆಚ್ಚಾಗಬಹುದು. 2025ರ ಫೆಬ್ರವರಿ 17ರ ಬೆಳಗಿನ ಜಾವದಲ್ಲಿ ಆದ ಕಂಪನದ ಪ್ರಮಾಣ 4.0 ಮಾತ್ರ, ಆದರೆ ಅದರ ಕೇಂದ್ರ ಧೌಲಾ ಕುವಾಂ ಬಳಿಯೇ ಇದ್ದುದರಿಂದ ಊರೆಲ್ಲ ಎದ್ದು ಕುಳಿತಿತು. ಭೂಮಿ ನಡುಗಿದಾಗ ಕಟ್ಟಡವು ಪಕ್ಕಕ್ಕೆ ತೂಗಾಡುತ್ತದೆ. ಆ ತೂಗಾಟವನ್ನು ತಡೆಯುವುದು ಎರಡು ದಿಕ್ಕಿನಲ್ಲಿಯೂ ಹಬ್ಬಿದ ಗೋಡೆಗಳು. ಮೇಲೆ ಗೋಡೆಗಳಿದ್ದು ಕೆಳಗೆ ತೆರವಾಗಿದ್ದರೆ ಕಟ್ಟಡ ಕಾಲಿನಲ್ಲಿಯೇ ಮುರಿಯುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ಆಚೆ ಇದ್ದ ಅಹಮದಾಬಾದಿನಲ್ಲಿ, ವಾಹನ ನಿಲ್ಲಿಸಲು ತಳದಲ್ಲಿ ತೆರವು ಬಿಟ್ಟಿದ್ದ ಅನೇಕ ಕಟ್ಟಡಗಳು ಹೀಗೆ ಕುಸಿದುವು. ತಳದ ಮನೆಯ ಗೋಡೆ ತೆಗೆದವರು ತಿಳಿಯದೆ ತಮ್ಮ ಕಟ್ಟಡವನ್ನು ಆ ಸ್ಥಿತಿಗೆ ತರುತ್ತಾರೆ. ಒಡೆದು ಹತ್ತು ವರ್ಷವಾದರೂ ಏನೂ ಆಗಲಿಲ್ಲವೆಂಬುದು ಸಮಾಧಾನವಲ್ಲ. ಆ ಹತ್ತು ವರ್ಷಗಳಲ್ಲಿ ಭೂಮಿ ಬಲವಾಗಿ ನಡುಗಲಿಲ್ಲವೆಂಬುದಷ್ಟೇ ಅದರ ಅರ್ಥ.

ಇನ್ನು ಕಾನೂನು ಮತ್ತು ಕಾಲದ ಮಾತು. ಗಿಲಾವು, ಬಣ್ಣ, ನೆಲಹಾಸು ಮೊದಲಾದ ಒಳಗಿನ ಕೆಲಸಗಳಿಗೆ ದೆಹಲಿಯ ಕಟ್ಟಡ ನಿಯಮಗಳು ಸಾಮಾನ್ಯವಾಗಿ ಪೂರ್ವಾನುಮತಿಯನ್ನು ಕೇಳುವುದಿಲ್ಲ; ಕಟ್ಟಡದ ಬಲಕ್ಕೆ ಸಂಬಂಧಿಸಿದ ಬದಲಾವಣೆಗೆ ಅನುಮತಿ ಬೇಕು. ನೆಲಹಾಸಿಗೆ ಅನುಮತಿ ಬೇಡವೆಂದ ಮಾತ್ರಕ್ಕೆ ಕಲ್ಲಿನ ತೂಕ ಕಡಮೆಯಾಗುವುದಿಲ್ಲವಷ್ಟೆ. ಚಳಿಗಾಲದಲ್ಲಿ ವಾಯುಮಾಲಿನ್ಯ ತಡೆಯ ಶ್ರೇಣೀಕೃತ ಯೋಜನೆಯೂ ಅಡ್ಡ ಬರುತ್ತದೆ. 2017ರಲ್ಲಿ ಜಾರಿಗೆ ಬಂದ ಈ ಯೋಜನೆಯ ಮೂರನೆಯ ಹಂತ ಜಾರಿಯಾದಾಗ, ಒಡೆಯುವುದೇ ಮೊದಲಾದ ಧೂಳೆಬ್ಬಿಸುವ ಕೆಲಸಗಳು ನಿಲ್ಲಬೇಕು. ನಳಿಗೆ, ವಿದ್ಯುತ್ತು, ಮರಗೆಲಸಗಳಿಗೆ ಅವಕಾಶ ಉಳಿಯುತ್ತದೆ. ದೀಪಾವಳಿಯ ಸುಮಾರಿನಲ್ಲಿ ಗೋಡೆ ಒಡೆಯಲು ತೊಡಗಿದವರು ಅರ್ಧ ಕೆಡವಿದ ಮನೆಯಲ್ಲಿ ವಾರಗಟ್ಟಲೆ ಕಾಯಬೇಕಾದೀತು. ಆದುದರಿಂದ ಒಡೆಯುವ ಕೆಲಸವನ್ನು ಫೆಬ್ರವರಿಯ ಅನಂತರ ಹಿಡಿದು, ತಾರಸಿಯ ನೀರು ತಡೆಯುವ ಕೆಲಸವನ್ನು ಜೂನ್ ಕೊನೆಯ ಮಳೆಗೆ ಮುನ್ನ ಮುಗಿಸುವುದು ಅನುಕೂಲ. ಒಡೆದ ಮಲಬಾವನ್ನು ಕೋಣೆಯ ನಡುವೆ ಗುಡ್ಡೆ ಹಾಕಿಸಬಾರದು. ಹತ್ತಡಿ ಚೌಕದ ಅಡ್ಡಗೋಡೆಯ ಅವಶೇಷ ಎರಡೂವರೆ ಟನ್ನು. ಅದು ಒಂದೇ ಕಡೆ ಬಿದ್ದರೆ ಕೆಳಗಿನವರ ಚಾವಣಿಗೆ ಆಪತ್ತು. ಅದನ್ನು ದಿನದಿನವೂ ಇಳಿಸಿಬಿಡಬೇಕು.

ಒಟ್ಟಿನಲ್ಲಿ ಕ್ರಮ ಇಷ್ಟು. ಮೊದಲು ನಕ್ಷೆ, ಆಮೇಲೆ ಇಂಜಿನಿಯರು, ಅನಂತರ ಸಂಘದ ಮತ್ತು ಪೌರಸಂಸ್ಥೆಯ ಒಪ್ಪಿಗೆ, ಮೇಲಿನ ಕೆಳಗಿನ ಮನೆಯವರಿಗೆ ತಿಳಿವಳಿಕೆ, ಎಲ್ಲಕ್ಕೂ ಕಡೆಯಲ್ಲಿ ಮಿಸ್ತ್ರಿ. ನಮ್ಮಲ್ಲಿ ಬಹುಮಟ್ಟಿಗೆ ಇದು ತಲೆಕೆಳಗಾಗಿ ನಡೆಯುತ್ತದೆ. ಒಟ್ಟು ಖರ್ಚಿನ ಮುಂದೆ ಇಂಜಿನಿಯರಿಗೆ ಕೊಡುವ ಶುಲ್ಕ ಅಲ್ಪ. ಅಂದಾಜುಪಟ್ಟಿಯ ಮೊದಲನೆಯ ಸಾಲಿನಲ್ಲಿಯೇ ಅದನ್ನು ಬರೆದುಕೊಂಡರೆ ಮುಂದಿನ ಸಾಲುಗಳು ತಾವಾಗಿಯೇ ಸರಿಹೋಗುತ್ತವೆ. ಬೇರೆ ಬೇರೆ ಪ್ರಾಂತಗಳಿಂದ ಬಂದು ಒಂದೇ ಗೋಡೆಯ ಮೇಲೆ ಕೆಳಗೆ ವಾಸಿಸುವ ನಾವು, ಭಾಷೆ ಆಚಾರಗಳಲ್ಲಿ ಬೇರೆಯಾದರೂ, ಈ ಭಾರದ ವಿಷಯದಲ್ಲಿ ಒಂದೇ ಕುಟುಂಬದವರೆಂದು ತಿಳಿದು ನಡೆಯತಕ್ಕದ್ದು.