ಹಳೆಯ ಉಗಿಬಂಡಿಗೆ ಹೊಸ ಬಣ್ಣ ಬಳಿಯುವ ಮುನ್ನ

ಶಾಲಾ ಪ್ರವಾಸಕ್ಕೆಂದು ನೀಲಗಿರಿಗೆ ಹೋಗಿದ್ದಾಗ ನಾವು ಕೂನೂರು ನಿಲ್ದಾಣದಲ್ಲಿ ಉಗಿ ಎಂಜಿನ್ನನ್ನು ಕಂಡೆವು. ಬುಸುಗುಟ್ಟುತ್ತ ನಿಂತಿದ್ದ ಅದರ ಸುತ್ತ ಮಕ್ಕಳೆಲ್ಲ ಮುತ್ತಿಕೊಂಡರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಚಾಲಕರು ನಿಲ್ಲುವ ಕಡೆ ಇಣುಕಿ ನೋಡಿ, “ಸಾರ್, ಕಲ್ಲಿದ್ದಲೇ ಇಲ್ಲವಲ್ಲ! ಎಣ್ಣೆಯಿಂದ ಉರಿಯುತ್ತದಂತೆ. ಹಾಗಾದರೆ ಇದು ನಿಜವಾದ ಹಳೆಯ ಎಂಜಿನ್ನು ಹೌದೋ ಅಲ್ಲವೋ?” ಎಂದು ಕೇಳಿದ. ಆಗ ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯನ್ನೇ ಇಲ್ಲಿ ವಿಚಾರ ಮಾಡೋಣ.

ಉಗಿ ಎಂಜಿನ್ನು ಹುಟ್ಟಿದ ದಿನದಂತೆ ಕೊನೆಯ ದಿನ ಇರುವುದಿಲ್ಲ. ಬೆಂಕಿ ಮತ್ತು ನೀರಿನ ನಡುವೆ ಅದರ ಬಾಯ್ಲರ್ ಸವೆಯುತ್ತದೆ, ಕೊಳವೆಗಳು ತೂತು ಬೀಳುತ್ತವೆ, ಚಕ್ರಗಳು ತೇಯುತ್ತವೆ. ಕಾರ್ಯಾಗಾರಕ್ಕೆ ಹೋದಾಗಲೆಲ್ಲ ಏನಾದರೊಂದು ಬದಲಾಗುತ್ತದೆ. ಒಂದೇ ಜಾತಿಯ ಹಲವು ಎಂಜಿನ್ನುಗಳಿದ್ದರೆ ಒಂದರ ಬಾಯ್ಲರನ್ನು ಇನ್ನೊಂದಕ್ಕೆ ಜೋಡಿಸುವುದೂ ವಾಡಿಕೆ. ಆದ್ದರಿಂದ “ಮೊದಲಿದ್ದಂತೆ ಮಾಡಿ” ಎಂದು ಹೇಳುವುದು ಸುಲಭ. ಮೊದಲೆಂದರೆ ಯಾವ ವರ್ಷ ಎಂಬುದನ್ನು ಮಾತ್ರ ಯಾರಾದರೂ ನಿರ್ಧರಿಸಲೇಬೇಕು.

ಇಂಗ್ಲೆಂಡಿನ ಪ್ರಸಿದ್ಧ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಜಿನ್ನಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಅದು 1923ರಲ್ಲಿ ಡಾಂಕಾಸ್ಟರ್ ಕಾರ್ಯಾಗಾರದಲ್ಲಿ ತಯಾರಾಯಿತು. 1934ರಲ್ಲಿ ಗಂಟೆಗೆ 100 ಮೈಲಿ, ಅಂದರೆ ಸುಮಾರು 161 ಕಿಲೋಮೀಟರ್ ವೇಗದಲ್ಲಿ ಓಡಿ ಹೆಸರು ಪಡೆಯಿತು. ಆಗ ಅದರ ಬಣ್ಣ ತಿಳಿ ಹಸಿರು, ಸಂಖ್ಯೆ 4472. 1947ರಲ್ಲಿ ಹೆಚ್ಚು ಒತ್ತಡ ತಾಳುವ ಬೇರೆ ಬಾಯ್ಲರ್ ಬಂದಿತು. ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರದ ಸ್ವತ್ತಾದ ಮೇಲೆ ಸಂಖ್ಯೆ 60103 ಆಯಿತು. ಮುಂದೆ ಕಡು ಹಸಿರು ಬಣ್ಣ ಬಂದಿತು. ಉಗಿ ಸರಾಗವಾಗಿ ಹೊರಬೀಳಲೆಂದು ಜೋಡಿ ಹೊಗೆಕೊಳವೆಯನ್ನು ಅಳವಡಿಸಿದರು. ಹೊಗೆ ಚಾಲಕನ ಕಣ್ಣಿಗೆ ಅಡ್ಡ ಬರದಂತೆ 1961ರಲ್ಲಿ ಮುಂಭಾಗದ ಎರಡೂ ಬದಿಗೆ ತಗಡುಗಳನ್ನು ನಿಲ್ಲಿಸಿದರು. 1963ರಲ್ಲಿ ಅದು ಸೇವೆಯಿಂದ ನಿವೃತ್ತವಾಯಿತು.

ನಿವೃತ್ತಿಯ ನಂತರ ಅದನ್ನು ಕೊಂಡವರು ಹಳೆಯ ತಿಳಿ ಹಸಿರು ಬಣ್ಣವನ್ನೂ 4472 ಎಂಬ ಸಂಖ್ಯೆಯನ್ನೂ ಮರಳಿ ಕೊಟ್ಟರು; ಒಂಟಿ ಹೊಗೆಕೊಳವೆಯನ್ನೂ ಹಾಕಿದರು. ಆದರೆ ಮುಂದೆ ಜೋಡಿ ಹೊಗೆಕೊಳವೆಯೂ ತಗಡುಗಳೂ ಹಿಂತಿರುಗಿದವು. ಕೆಲವು ಕಾಲ ಅದು 1930ರ ಬಣ್ಣ, 1960ರ ಮೈಕಟ್ಟು ಎರಡನ್ನೂ ಒಟ್ಟಿಗೆ ಹೊತ್ತು ಓಡಿತು. ನೋಡಲು ಚೆಂದವೇ. ಆದರೆ ಅಂಥ ಎಂಜಿನ್ನು ಚರಿತ್ರೆಯ ಯಾವ ದಿನವೂ ಇರಲಿಲ್ಲ! ಅಜ್ಜನ ಮದುವೆಯ ಚಿತ್ರದಲ್ಲಿ ಮೊಮ್ಮಗನ ಕೈಗಡಿಯಾರ ತೊಡಿಸಿದಂತೆ ಅದು. 2004ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯ ಅದನ್ನು ಕೊಂಡಿತು. 2016ರಲ್ಲಿ ದೊಡ್ಡ ದುರಸ್ತಿ ಮುಗಿಸಿ ಬಂದಾಗ ಎಂಜಿನ್ನು ಕಡು ಹಸಿರು ಬಣ್ಣದಲ್ಲಿ, 60103 ಎಂಬ ಸಂಖ್ಯೆಯಲ್ಲಿತ್ತು. ಜನಕ್ಕೆ ಪ್ರಿಯವಾದದ್ದು ತಿಳಿ ಹಸಿರು. ಆದರೂ ಮೈಕಟ್ಟು ಯಾವ ಕಾಲದ್ದೋ ಬಣ್ಣವೂ ಆ ಕಾಲದ್ದೇ ಇರಬೇಕೆಂಬ ಮಾತು ಗೆದ್ದಿತು.

ಇನ್ನೊಂದು ದಾರಿಯೂ ಉಂಟು. ಸ್ಟೀಫನ್‌ಸನ್ನರ ‘ರಾಕೆಟ್’ 1829ರಲ್ಲಿ ರೈನ್‌ಹಿಲ್ ಎಂಬಲ್ಲಿ ನಡೆದ ಸ್ಪರ್ಧೆಯಲ್ಲಿ ಗೆದ್ದ ಎಂಜಿನ್ನು. ಅಂದು ಅದು ಹಳದಿ ಬಣ್ಣದ್ದು. ಸಿಲಿಂಡರುಗಳು ಕಡಿದಾದ ಓರೆಯಲ್ಲಿದ್ದವು. ಕೆಲವೇ ವರ್ಷಗಳಲ್ಲಿ ಅವುಗಳನ್ನು ಕೆಳಗಿಳಿಸಿ ಹೆಚ್ಚುಕಡಿಮೆ ಮಲಗಿದಂತೆ ಜೋಡಿಸಿದರು. 1862ರಲ್ಲಿ ಅದು ವಸ್ತುಸಂಗ್ರಹಾಲಯಕ್ಕೆ ಸೇರಿತು. ಈಗ ಹಲವು ಭಾಗಗಳನ್ನು ಕಳೆದುಕೊಂಡು ಕಪ್ಪಾಗಿ ನಿಂತಿದೆ. ಅದಕ್ಕೆ ಮತ್ತೆ ಹಳದಿ ಬಣ್ಣ ಬಳಿದು 1829ರ ರೂಪ ಕೊಡಬಹುದಿತ್ತು. ಹಾಗೆ ಮಾಡಿದ್ದರೆ ಆ ಮೈಮೇಲೆ ಉಳಿದಿರುವ ತಿದ್ದುಪಡಿಯ ಗುರುತುಗಳೆಲ್ಲ ಅಳಿಸಿಹೋಗುತ್ತಿದ್ದವು. ಆದುದರಿಂದ ಮೂಲವನ್ನು ಇದ್ದಂತೆಯೇ ಬಿಟ್ಟು, ಓಡಿಸಿ ತೋರಿಸಲು 1979ರಲ್ಲಿ ಬೇರೆಯೇ ಒಂದು ಪ್ರತಿಕೃತಿಯನ್ನು ಕಟ್ಟಿದರು.

ಹಳೆಯ ರೂಪ ಹೇಗಿತ್ತೆಂದು ತಿಳಿಯುವ ಬಗೆ ಹೇಗೆ? ಕಾರ್ಖಾನೆಯ ನಕ್ಷೆಗಳು, ದುರಸ್ತಿಯ ದಾಖಲೆ ಪುಸ್ತಕಗಳು, ಭಾವಚಿತ್ರಗಳು ಇವೇ ಸಾಕ್ಷಿಗಳು. ಕಪ್ಪುಬಿಳುಪಿನ ಚಿತ್ರ ಬಣ್ಣವನ್ನು ಹೇಳಲಾರದು. ಅದಕ್ಕಾಗಿ ಯಾರ ಕೈಗೂ ಸಿಗದ ಮೂಲೆಯಲ್ಲಿ ಬಣ್ಣವನ್ನು ಪದರಪದರವಾಗಿ ಕೆರೆದು ಪರೀಕ್ಷಿಸುತ್ತಾರೆ. ಕಬ್ಬಿಣದ ಭಾಗಗಳ ಮೇಲೆ ಒತ್ತಿದ ಅಂಕಿಗಳನ್ನು ಓದಿ, ಯಾವ ಭಾಗ ಯಾವ ಎಂಜಿನ್ನಿನಿಂದ ಬಂದಿತೆಂದು ಗುರುತಿಸುತ್ತಾರೆ.

ಓಡಿಸಬೇಕೆಂದರೆ ಮಾತ್ರ ಕಷ್ಟ ಹೆಚ್ಚು. ಸವೆದ ಬಾಯ್ಲರಿನಲ್ಲಿ ಉಗಿ ತುಂಬಿದರೆ ಅದು ಸಿಡಿದು ಪ್ರಾಣಹಾನಿಯಾದೀತು. ಪ್ರಯಾಣಿಕರ ಕ್ಷೇಮಕ್ಕಾಗಿ ಹೊಸ ಭಾಗಗಳನ್ನು ಹಾಕಲೇಬೇಕು. ಯೂರೋಪಿನ ಸಂರಕ್ಷಕ ಸಂಘಗಳು 2005ರಲ್ಲಿ ಒಪ್ಪಿದ ‘ರೀಗಾ ಸನ್ನದು’ ಇದಕ್ಕೆ ದಾರಿ ತೋರಿಸಿದೆ. ಹೊಸ ಭಾಗ ಹಳೆಯದಕ್ಕೆ ಹೊಂದಿಕೊಳ್ಳಬೇಕು. ಆದರೆ ಹೊಸದೆಂದು ಗುರುತಿಸುವಂತಿರಬೇಕು. ಮಾಡಿದ್ದೆಲ್ಲವನ್ನೂ ಬರೆದಿಡಬೇಕು.

ಕನ್ನಡ ಪಾಠ ಹೇಳುವ ನಮಗೆ ಇದು ಹೊಸ ಮಾತೇನಲ್ಲ. ಓಲೆಗರಿಯಿಂದ ಹಳಗನ್ನಡ ಕಾವ್ಯವನ್ನು ಸಂಪಾದಿಸುವ ವಿದ್ವಾಂಸರೂ ಹೀಗೆಯೇ ನಡೆಯುತ್ತಾರೆ. ಹುಳು ತಿಂದ ಕಡೆ ತಮ್ಮ ಪದವನ್ನು ಗುಟ್ಟಾಗಿ ತುರುಕುವುದಿಲ್ಲ, ಕಂಸದೊಳಗಿಟ್ಟು ತೋರಿಸುತ್ತಾರೆ. ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ನೀಲಗಿರಿಯ ‘ಎಕ್ಸ್’ ವರ್ಗದ ಹಳೆಯ ಎಂಜಿನ್ನುಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದವು; ಮೊದಲನೆಯವು 1914ರಲ್ಲಿ, ಕೊನೆಯವು 1952ರಲ್ಲಿ. ಕಲ್ಲಾರಿನಿಂದ ಕೂನೂರಿಗೆ ಹತ್ತುವ ಕಡಿದಾದ ದಾರಿಯಲ್ಲಿ ಉಗಿ ಮೊದಲು ಒಂದು ಜೊತೆ ಸಿಲಿಂಡರುಗಳಲ್ಲಿ ಸಾಮಾನ್ಯ ಚಕ್ರಗಳನ್ನು ತಿರುಗಿಸುತ್ತದೆ. ಆಮೇಲೆ ಅದೇ ಉಗಿ ಇನ್ನೊಂದು ಜೊತೆಗೆ ಹೋಗಿ, ಹಳಿಗಳ ನಡುವಣ ಹಲ್ಲುಪಟ್ಟಿಯನ್ನು ಕಚ್ಚುವ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಈ ಶತಮಾನದಲ್ಲಿ ಕೆಲವಕ್ಕೆ ಕಲ್ಲಿದ್ದಲಿನ ಬದಲು ಎಣ್ಣೆಯ ಒಲೆ ಬಂದಿತು. ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದಲ್ಲಿ ಅದೇ ಮಾದರಿಯ ಹೊಸ ಎಂಜಿನ್ನುಗಳೂ ತಯಾರಾದವು. 2005ರಲ್ಲಿ ಯುನೆಸ್ಕೋ ಈ ಮಾರ್ಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದ್ದರಿಂದ, ಮಗು, ಉತ್ತರ ಇಷ್ಟೇ: ಹತ್ತುವ ಬಗೆ ಹಳೆಯದು, ಒಲೆ ಹೊಸದು. ಎರಡನ್ನೂ ಹೇಳಿದರೆ ಅದು ಸತ್ಯ. ಒಂದನ್ನು ಮುಚ್ಚಿಟ್ಟರೆ ಸುಳ್ಳು.

ನಮ್ಮ ಗಡಿನಾಡಿನ ಊರುಗಳಲ್ಲಿ ಗುಡಿಯ ಜೀರ್ಣೋದ್ಧಾರದ ಸಂಭ್ರಮದಲ್ಲಿ ಕನ್ನಡ ಶಾಸನದ ಕಲ್ಲಿಗೂ ಬಣ್ಣ ಬಳಿದುಬಿಟ್ಟದ್ದನ್ನು ನಾವು ಕಂಡಿದ್ದೇವೆ. ಬಳಿದವರಿಗೆ ಭಕ್ತಿಯೇನೂ ಕಡಿಮೆಯಿರಲಿಲ್ಲ. ಆದರೆ ನಮ್ಮ ಹಿರಿಯರು ಇಲ್ಲಿ ಬಾಳಿದ್ದರೆಂದು ಹೇಳುವ ಅಕ್ಷರಗಳು ಮುಚ್ಚಿಹೋದವು. ಪಾಲಕರಲ್ಲಿ ನಮ್ಮ ವಿನಂತಿ ಇಷ್ಟು: ಮನೆಯ ಹಳೆಯ ತೊಟ್ಟಿಲು, ಕಡತ, ಏನನ್ನೇ ದುರಸ್ತಿ ಮಾಡಿಸುವ ಮುನ್ನ ಅದರ ಒಂದು ಚಿತ್ರ ತೆಗೆಸಿರಿ. ಏನು ಬದಲಾಯಿತು, ಯಾವಾಗ ಬದಲಾಯಿತು ಎಂದು ಮಕ್ಕಳ ಕೈಯಲ್ಲಿ ಬರೆಯಿಸಿಡಿರಿ.