ಮನೆಯೊಳಗಿನ ಏರುದಾರಿ: ಮಿತ ಖರ್ಚಿನಲ್ಲಿ ಸ್ಮಾರ್ಟ್ ಟ್ರೈನರ್

ಕರಾವಳಿ, ಮಲೆನಾಡಿನ ಸೈಕಲ್ ಸವಾರರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಸ್ತೆ ಕೈಕೊಡುತ್ತದೆ. ಬೆಂಗಳೂರಿನವರಿಗೆ ಬೆಳಗ್ಗೆ ಏಳು ದಾಟಿತೆಂದರೆ ವರ್ಷವಿಡೀ ಅದೇ ಪಾಡು. ಟೊರಾಂಟೊ, ಚಿಕಾಗೊಗಳಲ್ಲಿರುವ ಕನ್ನಡಿಗರು ಹಿಮ ಬೀಳತೊಡಗಿದ ಮೇಲೆ ಸೈಕಲನ್ನು ಗ್ಯಾರೇಜಿಗೆ ಸೇರಿಸಿಬಿಡುತ್ತಾರೆ. ಇವರೆಲ್ಲರೂ ಒಂದಲ್ಲ ಒಂದು ದಿನ ವಿಚಾರಿಸುವ ವಸ್ತು ಟ್ರೈನರ್. ನಮ್ಮದೇ ಸೈಕಲನ್ನು ಮನೆಯೊಳಗೆ ಅಲುಗದಂತೆ ನಿಲ್ಲಿಸಿ, ಹಿಂದಿನ ಚಕ್ರದ ಜಾಗದಲ್ಲಿ ತಡೆ ಒಡ್ಡಿ, ತುಳಿಯಲು ಅನುವು ಮಾಡಿಕೊಡುವ ಸಾಧನ ಇದು.

ಇದು ಬರೀ ಕಾಲಹರಣದ ಆಟಿಕೆಯಲ್ಲ. ಆಸ್ಟ್ರೇಲಿಯಾದ ಮ್ಯಾಥ್ಯೂ ಹೇಮನ್ 2016ರ ಫೆಬ್ರವರಿಯಲ್ಲಿ ರೇಸೊಂದರಲ್ಲಿ ಬಿದ್ದು ಕೈಮೂಳೆ ಮುರಿದುಕೊಂಡರು. ರಸ್ತೆಗಿಳಿಯುವಂತಿರಲಿಲ್ಲ. ಗ್ಯಾರೇಜಿನಲ್ಲಿ ಟ್ರೈನರ್ ಮೇಲೆ ವಾರಗಟ್ಟಲೆ ತುಳಿದರು. ಅದೇ ಏಪ್ರಿಲ್‌ನಲ್ಲಿ, ಕಲ್ಲುಹಾಸಿನ ದಾರಿಗೆ ಹೆಸರಾದ ಪ್ಯಾರಿಸ್–ರೂಬೆ ರೇಸನ್ನು ಗೆದ್ದರು. 2020ರಿಂದೀಚೆಗೆ ಟ್ರೈನರ್ ಮೇಲೆ ನಡೆಯುವ ಸ್ಪರ್ಧೆಗೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ವಿಶ್ವ ಚಾಂಪಿಯನ್ ಪಟ್ಟ ಕೊಡುತ್ತಿದೆ.

ಬೆಲೆಯೂ ಇಳಿದಿದೆ. ಹಿಂದಿನ ಚಕ್ರ ಬಿಚ್ಚಿ ಕೂರಿಸುವ ವಾಹೂ ಕಂಪನಿಯ ಕಿಕ್ಕರ್ 2012ರಲ್ಲಿ ಬಂದಾಗ ಅದರ ಬೆಲೆ ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. 2022ರಲ್ಲಿ ಜ್ವಿಫ್ಟ್ ಕಂಪನಿಯ ಹಬ್ 499 ಡಾಲರಿಗೆ ಬಂತು. 2024ರಲ್ಲಿ ಆಸ್ಟ್ರೇಲಿಯಾದ ಜೆಟ್‌ಬ್ಲ್ಯಾಕ್ ಕಂಪನಿಯ ವಿಕ್ಟರಿ 399 ಡಾಲರಿಗೆ ಸಿಕ್ಕಿತು. ಭಾರತಕ್ಕೆ ಬರುವಷ್ಟರಲ್ಲಿ ಆಮದು ಸುಂಕ, ಸಾಗಣೆ, ತೆರಿಗೆ ಸೇರಿ ಮೊತ್ತ ಏರುತ್ತದೆ, ನಿಜ. ಆದರೂ ಮಧ್ಯಮ ವರ್ಗದವರು ಯೋಚಿಸಬಹುದಾದ ಮಟ್ಟಕ್ಕೆ ಈ ಸಾಧನ ಬಂದಿದೆ. ಹೀಗಾಗಿ ಯಾವ ಗುಣಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬೇಕಿಲ್ಲ ಎಂಬುದನ್ನು ಅರಿತಿರುವುದು ಒಳ್ಳೆಯದು.

ಸ್ಮಾರ್ಟ್ ಎಂದರೆ ಎರಡು ಕೆಲಸ

ಸಾದಾ ಟ್ರೈನರ್‌ನಲ್ಲಿ ಅಯಸ್ಕಾಂತವೋ ಎಣ್ಣೆ ತುಂಬಿದ ಪುಟ್ಟ ಡಬ್ಬಿಯೋ ತಡೆ ಒಡ್ಡುತ್ತದೆ. ಗೇರು ಬದಲಿಸಿ ಅಥವಾ ಕೈಯಿಂದ ಲಿವರ್ ತಿರುಗಿಸಿ ಅದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬೇಕು. ಸ್ಮಾರ್ಟ್ ಟ್ರೈನರ್ ಇದಕ್ಕೆ ಎರಡು ಕೆಲಸ ಸೇರಿಸುತ್ತದೆ. ಮೊದಲನೆಯದು, ನೀವು ಎಷ್ಟು ವಾಟ್ ಶಕ್ತಿ ಹಾಕುತ್ತಿದ್ದೀರಿ ಎಂದು ಅಳೆಯುವುದು. ಎರಡನೆಯದು, ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನ ಆ್ಯಪ್ ಹೇಳಿದಂತೆ ತಡೆಯನ್ನು ತಾನೇ ಬದಲಿಸುವುದು. ಒಳಗೆ ಲೋಹದ ಚಕ್ರವೊಂದು ವಿದ್ಯುತ್ಕಾಂತಗಳ ನಡುವೆ ಸುತ್ತುತ್ತಿರುತ್ತದೆ. ಸುರುಳಿಗೆ ಹರಿಯುವ ವಿದ್ಯುತ್ತು ಹೆಚ್ಚಿದಷ್ಟೂ ಆ ಚಕ್ರದಲ್ಲಿ ಹುಟ್ಟುವ ಸುಳಿಪ್ರವಾಹವೂ ಹೆಚ್ಚಿ, ತುಳಿತ ಬಿಗಿಯಾಗುತ್ತದೆ. ಆ್ಯಪ್ ಪರದೆಯಲ್ಲಿ ತೋರಿಸುವ ರಸ್ತೆಗೆ ಏರು ಬಂದರೆ ಕಾಲಿಗೂ ಏರು ಬರುತ್ತದೆ.

ಆ್ಯಪ್ ಹೇಳಿದ ವಾಟ್‌ಗೆ ಟ್ರೈನರ್ ನಿಮ್ಮನ್ನು ಕಟ್ಟಿಹಾಕುವ ವಿಧಾನವೂ ಉಂಟು. ಅದಕ್ಕೆ ಅರ್ಗ್ ಮೋಡ್ ಎನ್ನುತ್ತಾರೆ. 200 ವಾಟ್ ಎಂದು ಗೊತ್ತುಮಾಡಿದರೆ, ನೀವು ನಿಧಾನವಾದಷ್ಟೂ ಅದು ಪೆಡಲನ್ನು ಭಾರವಾಗಿಸಿ ಲೆಕ್ಕ ಸರಿದೂಗಿಸುತ್ತದೆ. ನಿಮಿಷಕ್ಕೆ 90 ಸುತ್ತು ತುಳಿಯುವಾಗಿನ ಭಾರಕ್ಕಿಂತ 60 ಸುತ್ತಿನಲ್ಲಿ ಒಂದೂವರೆ ಪಟ್ಟು ಭಾರ. ದಣಿದು ಕಾಲು ಇನ್ನೂ ನಿಧಾನಿಸಿದರೆ ಪೆಡಲ್ ಕಲ್ಲಾಗಿಬಿಡುತ್ತದೆ. ಹೊಸಬರು ಯಂತ್ರ ಕೆಟ್ಟಿತೆಂದು ಅಂಗಡಿಗೆ ಫೋನ್ ಮಾಡುವುದು ಇಂಥ ಹೊತ್ತಿನಲ್ಲೇ. ಗಳಿಗೆ ನಿಲ್ಲಿಸಿ, ವೇಗವಾಗಿ ತುಳಿಯುತ್ತ ಮತ್ತೆ ಶುರುಮಾಡಿದರೆ ಸರಿಹೋಗುತ್ತದೆ.

ಚಕ್ರ ಇಟ್ಟುಕೊಳ್ಳುವುದೋ, ಬಿಚ್ಚುವುದೋ?

ಸ್ಮಾರ್ಟ್ ಟ್ರೈನರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ವೀಲ್-ಆನ್ ಎಂಬ ಬಗೆಯಲ್ಲಿ ಹಿಂದಿನ ಚಕ್ರ ಇದ್ದಲ್ಲೇ ಇರುತ್ತದೆ. ಟೈರು ಒಂದು ಉರುಳೆಗೆ ಒತ್ತಿಕೊಂಡು ತಿರುಗುತ್ತದೆ. ಬೆಲೆ ಕಡಿಮೆ, ತೂಕ ಕಡಿಮೆ, ಸೈಕಲ್ ಹತ್ತಿಸಿ ಇಳಿಸುವುದು ಐದು ನಿಮಿಷದ ಕೆಲಸ. ಕೊರತೆಗಳೂ ಟೈರಿನಿಂದಲೇ ಹುಟ್ಟುತ್ತವೆ. ಟೈರು ಸವೆಯುತ್ತದೆ, ಗುಂಯ್‌ಗುಡುತ್ತದೆ, ಜೋರಾಗಿ ತುಳಿದರೆ ಜಾರುತ್ತದೆ. ಗುಬುಟುಗಳಿರುವ ಮೌಂಟನ್ ಬೈಕ್ (ಎಂಟಿಬಿ) ಟೈರಂತೂ ಇದರ ಮೇಲೆ ನಡೆಯುವುದಿಲ್ಲ. ನುಣ್ಣನೆಯ ಟೈರು ಹಾಕಿಸಬೇಕು.

ಟೈರಿನ ಗಾಳಿ, ಉರುಳೆಯ ಒತ್ತಡ, ಬಿಸಿ ಇವು ಬದಲಾದರೆ ವಾಟ್ ಲೆಕ್ಕವೂ ತಪ್ಪುತ್ತದೆ. ಅದಕ್ಕೊಂದು ಕ್ರಮವಿದೆ. ಪ್ರತಿಸಲವೂ ಪಂಪಿನ ಮುಳ್ಳು ನೋಡಿ ಅಷ್ಟೇ ಗಾಳಿ ಹಾಕಬೇಕು. ಉರುಳೆಯ ತಿರುಪನ್ನು ಅಷ್ಟೇ ಸುತ್ತು ಬಿಗಿಯಬೇಕು. ಹತ್ತು ನಿಮಿಷ ತುಳಿದು ಟೈರು ಬಿಸಿಯಾದ ಮೇಲೆ ಆ್ಯಪ್‌ನಲ್ಲಿ ಸ್ಪಿನ್-ಡೌನ್ ಒತ್ತಬೇಕು. ಅದು ಹೇಳಿದ ವೇಗ ಮುಟ್ಟಿದ ಕೂಡಲೇ ಕಾಲು ನಿಲ್ಲಿಸಿ, ಚಕ್ರ ತಾನಾಗಿ ನಿಲ್ಲುವವರೆಗೆ ಬಿಡಬೇಕು. ನಿಲ್ಲಲು ಹಿಡಿದ ಸಮಯದಿಂದ ಟ್ರೈನರ್ ತನ್ನ ಲೆಕ್ಕ ತಿದ್ದಿಕೊಳ್ಳುತ್ತದೆ. ತಣ್ಣನೆಯ ಟೈರಿನಲ್ಲಿ ಇದನ್ನು ಮಾಡಿ ಮುಗಿಸಿದರೆ ಇಡೀ ದಿನದ ಅಂಕಿ ತಪ್ಪು.

ಎರಡನೆಯ ಬಗೆ ಡೈರೆಕ್ಟ್ ಡ್ರೈವ್. ಹಿಂದಿನ ಚಕ್ರ ಬಿಚ್ಚಿಟ್ಟು, ಸೈಕಲ್ಲಿನ ಚೈನನ್ನು ನೇರವಾಗಿ ಟ್ರೈನರಿನ ಹಲ್ಲುಚಕ್ರಕ್ಕೆ ಹಾಕುವುದು. ಟೈರಿನ ರಗಳೆಯೇ ಇಲ್ಲ; ಸದ್ದು ಹೆಚ್ಚಾಗಿ ಚೈನಿನದಷ್ಟೇ. ಅಪಾರ್ಟ್‌ಮೆಂಟಿನಲ್ಲಿ ಮುಂಜಾನೆ ಐದಕ್ಕೆ ತುಳಿಯುವವರಿಗೆ ಇದೊಂದೇ ದೊಡ್ಡ ಲಾಭ. ಕೆಳಮನೆಯವರಿಗೆ ಕೇಳುವುದು ಸದ್ದಿಗಿಂತ ನಡುಕ. ಅಡಿಗೆ ದಪ್ಪ ರಬ್ಬರ್ ಚಾಪೆ ಹಾಸಿದರೆ ಬಹುಮಟ್ಟಿಗೆ ತಗ್ಗುತ್ತದೆ. ಡೈರೆಕ್ಟ್ ಡ್ರೈವ್ ಭಾರದ ವಸ್ತು. ವಾಹೂ ಕಂಪನಿಯ ಕಿಕ್ಕರ್ ಕೋರ್ ಸುಮಾರು 18 ಕಿಲೊ ತೂಗುತ್ತದೆ. ದಿನಾ ಮಂಚದಡಿ ತಳ್ಳಿ ಎಳೆಯುತ್ತೇನೆ ಎಂದುಕೊಂಡವರು ಒಮ್ಮೆ ಎತ್ತಿ ನೋಡಲಿ.

ಡಬ್ಬಿಯ ಮೇಲಿನ ಅಂಕಿಗಳು

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ನಾಲ್ಕು ಅಂಕಿ: ಎಷ್ಟು ಏರು, ಎಷ್ಟು ವಾಟ್, ಎಷ್ಟು ನಿಖರ, ಒಳಗೆ ಸುತ್ತುವ ಫ್ಲೈವೀಲ್ ಎಷ್ಟು ಭಾರ. ಕಡಿಮೆ ಬೆಲೆಯ ಟ್ಯಾಕ್ಸ್ ಫ್ಲೋ ಎಂಬ ವೀಲ್-ಆನ್ ಟ್ರೈನರ್ ಶೇ. 6ರ ಏರು, 800 ವಾಟ್, ಶೇ. 5ರ ಹೆಚ್ಚುಕಡಿಮೆ ಎನ್ನುತ್ತದೆ. ಕಿಕ್ಕರ್ ಕೋರ್ ಶೇ. 16ರ ಏರು, 1800 ವಾಟ್, ಶೇ. 2ರ ಹೆಚ್ಚುಕಡಿಮೆ ಎನ್ನುತ್ತದೆ. ಎರಡನೆಯದು ಮೇಲು, ಸರಿ. ಆದರೆ ಆ ಅಂತರದಲ್ಲಿ ನಮಗೆ ಬಳಕೆಗೆ ಬರುವುದು ಎಷ್ಟು?

ಏರನ್ನೇ ತೆಗೆದುಕೊಳ್ಳಿ. 70 ಕಿಲೊ ಸವಾರ, 10 ಕಿಲೊ ಸೈಕಲ್. ಶೇ. 7ರ ಏರಿನಲ್ಲಿ ಗಂಟೆಗೆ 10 ಕಿಲೊಮೀಟರ್ ಹೋಗಲು ಸುಮಾರು 170 ವಾಟ್ ಬೇಕು. ಹವ್ಯಾಸಿ ಸವಾರರಲ್ಲಿ ಅನೇಕರು ಗಂಟೆಗಟ್ಟಲೆ ಹಾಕಬಲ್ಲದ್ದು ಅಷ್ಟೇ. ಶೇ. 16ರ ಏರಿನಲ್ಲಿ ಗಂಟೆಗೆ 7 ಕಿಲೊಮೀಟರಿಗೇ 250 ವಾಟ್ ಕೇಳುತ್ತದೆ. ಅಂಥ ಏರನ್ನು ಮನೆಯೊಳಗೆ ಎಷ್ಟು ಹೊತ್ತು ತುಳಿಯುತ್ತೀರಿ? ಮೇಲಾಗಿ, ಜ್ವಿಫ್ಟ್‌ನಂಥ ಆ್ಯಪ್ ಮೊದಲಿಗೇ ಏರಿನ ಅರ್ಧವನ್ನಷ್ಟೇ ಟ್ರೈನರಿಗೆ ದಾಟಿಸುವಂತೆ ಹೊಂದಿಸಿರುತ್ತದೆ. ಪರದೆಯ ಶೇ. 12ರ ಏರು ಕಾಲಿಗೆ ಶೇ. 6ರಂತೆ ತೋರುತ್ತದೆ. ಪರದೆಯಲ್ಲಿ ನಿಮ್ಮ ವೇಗವನ್ನು ನಿರ್ಧರಿಸುವುದು ನೀವು ಹಾಕಿದ ವಾಟ್. ಹಾಗಾಗಿ ಇದರಲ್ಲಿ ಮೋಸವೇನೂ ಇಲ್ಲ, ಗೇರು ಬದಲಿಸುವುದು ಕಡಿಮೆಯಾಗುತ್ತದೆ, ಅಷ್ಟೆ.

ಗರಿಷ್ಠ ವಾಟ್ ಕೂಡ ಹಾಗೆಯೇ. ಕೆಲವೇ ಸೆಕೆಂಡು ಮೈಮರೆತು ಸ್ಪ್ರಿಂಟ್ ಹೊಡೆಯುವವರಿಗೆ 800 ಸಾಲದು. ತೂಕ ಇಳಿಸಲು, ದೂರದ ಸವಾರಿಗೆ ದಮ್ಮು ಕಟ್ಟಿಕೊಳ್ಳಲು ತುಳಿಯುವವರು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ.

ನಿಖರತೆಯ ಮಾತು ಬೇರೆ. ಶೇ. 5ರ ಹೆಚ್ಚುಕಡಿಮೆ ಎಂದರೆ 200 ವಾಟ್ ತುಳಿದಾಗ ಯಂತ್ರ 190 ತೋರಿಸಬಹುದು, 210 ತೋರಿಸಬಹುದು. ಆನ್‌ಲೈನ್ ರೇಸಿನಲ್ಲಿ ಇದು ದೊಡ್ಡ ವ್ಯತ್ಯಾಸ. ಮನೆ ಅಭ್ಯಾಸಕ್ಕೆ ಬೇಕಾದ್ದು ಒಂದೇ ನಡತೆ: ಇವತ್ತು 195 ತೋರಿಸಿದ ತುಳಿತಕ್ಕೆ ಮುಂದಿನ ತಿಂಗಳೂ 195 ತೋರಿಸಬೇಕು. ಈ ವಿಷಯದಲ್ಲಿ ಅಗ್ಗದ ಡೈರೆಕ್ಟ್ ಡ್ರೈವ್ ಕೂಡ ವೀಲ್-ಆನ್‌ಗಿಂತ ನಂಬಿಕಸ್ಥ, ಏಕೆಂದರೆ ನಡುವೆ ಟೈರಿಲ್ಲ.

ಫ್ಲೈವೀಲ್ ಭಾರವಿದ್ದಷ್ಟೂ ತುಳಿತ ರಸ್ತೆಯ ಮೇಲಿನಂತೆ ನಯವಾಗಿರುತ್ತದೆ. ಟ್ಯಾಕ್ಸ್ ಫ್ಲೋದಲ್ಲಿ ಅದು 1.6 ಕಿಲೊ, ಕಿಕ್ಕರ್ ಕೋರ್‌ನಲ್ಲಿ 5.4 ಕಿಲೊ. ಈ ವ್ಯತ್ಯಾಸ ಮೊದಲ ದಿನವೇ ಕಾಲಿಗೆ ಗೊತ್ತಾಗುತ್ತದೆ.

ನಿಮ್ಮ ಸೈಕಲ್ಲಿಗೆ ಕೂರುತ್ತದೆಯೇ?

ಡೈರೆಕ್ಟ್ ಡ್ರೈವ್ ಕೊಳ್ಳುವ ಮುನ್ನ ನಿಮ್ಮ ಸೈಕಲ್ಲಿನ ಹಿಂಭಾಗವನ್ನು ನೋಡಿಕೊಳ್ಳಿ. ಚಕ್ರ ಕ್ವಿಕ್ ರಿಲೀಸ್ ಕಡ್ಡಿಯಿಂದ ನಿಂತಿದೆಯೇ, ದಪ್ಪನೆಯ ಥ್ರೂ ಆಕ್ಸಲ್ ಇದೆಯೇ? ಟ್ರೈನರಿನ ಜೊತೆ ಅದಕ್ಕೆ ಹೊಂದುವ ಅಡಾಪ್ಟರ್ ಬರುತ್ತದೆಯೇ? ಗೇರು ಎಷ್ಟು? 8ರಿಂದ 11 ಗೇರಿನ ಶಿಮಾನೊ ರಸ್ತೆ ಸೈಕಲ್‌ಗಳಿಗೆ ಒಂದೇ ಬಗೆಯ ಫ್ರೀಹಬ್ (ಹಲ್ಲುಚಕ್ರಗಳು ಕೂರುವ ಭಾಗ) ಸಾಕು. ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲು, ಮಾತ್ರ ನಿಮ್ಮ ಗೇರಿನ ಸಂಖ್ಯೆಗೆ ಸರಿಯಾಗಿರಬೇಕು. 12 ಗೇರಿನ ಸ್ರಾಮ್‌ನ ಹೆಚ್ಚಿನ ಮಾದರಿಗಳಿಗೂ 12 ಗೇರಿನ ಶಿಮಾನೊ ಎಂಟಿಬಿಗೂ ಬೇರೆ ಫ್ರೀಹಬ್ ಬೇಕಾಗುತ್ತದೆ. ನಮ್ಮಲ್ಲಿ ಮಾರಾಟವಾಗುವ ಕಡಿಮೆ ಬೆಲೆಯ 7 ಗೇರಿನ ಸೈಕಲ್‌ಗಳಲ್ಲಿ ಹಲವಕ್ಕೆ ಕ್ಯಾಸೆಟ್ಟೇ ಇರುವುದಿಲ್ಲ. ತಿರುಪಿ ಕೂರಿಸಿದ ಫ್ರೀವೀಲ್ ಇರುತ್ತದೆ, ಆಕ್ಸಲ್‌ಗೆ ನಟ್ ಬಿಗಿದಿರುತ್ತದೆ. ಅಂಥವಕ್ಕೆ ವೀಲ್-ಆನ್ ಸಲೀಸು, ಅದೂ ಟ್ರೈನರಿನ ಹಿಡಿಕೆಗೆ ಹೊಂದುವ ನಟ್ ಸಿಕ್ಕರೆ.

ಡಿಸ್ಕ್ ಬ್ರೇಕ್ ಇದ್ದವರಿಗೆ ಒಂದು ಎಚ್ಚರಿಕೆ. ಹೈಡ್ರಾಲಿಕ್ ಬ್ರೇಕಿನ ಸೈಕಲ್ಲಿನಿಂದ ಚಕ್ರ ಬಿಚ್ಚಿದಾಗ, ಕೈ ತಪ್ಪಿ ಲಿವರ್ ಒತ್ತಿದರೆ ಪ್ಯಾಡ್‌ಗಳು ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ಸೈಕಲ್ ಜೊತೆ ಬಂದ ಪ್ಲಾಸ್ಟಿಕ್ ಬಿಲ್ಲೆಯನ್ನು ಆ ಸಂದಿಯಲ್ಲಿ ಸಿಕ್ಕಿಸಿಡಿ.

ಸಂಪರ್ಕದ ಬಗೆಯನ್ನೂ ವಿಚಾರಿಸಿ. ಬ್ಲೂಟೂತ್‌ನ ಎಫ್‌ಟಿಎಂಎಸ್, ಆ್ಯಂಟ್ ಪ್ಲಸ್‌ನ ಎಫ್‌ಇ-ಸಿ, ಈ ಎರಡೂ ಇದ್ದರೆ ಯಾವ ಆ್ಯಪ್ ಜೊತೆಗೂ ತೊಂದರೆಯಿಲ್ಲ. ತಮ್ಮದೇ ಆ್ಯಪ್‌ಗೆ ಮಾತ್ರ ಓಗೊಡುವ ಟ್ರೈನರ್ ಎಷ್ಟೇ ಅಗ್ಗವಿದ್ದರೂ ಬೇಡ. ಹಲವು ಟ್ರೈನರ್‌ಗಳು ಬ್ಲೂಟೂತ್‌ನಲ್ಲಿ ಒಮ್ಮೆಗೆ ಒಂದೇ ಸಾಧನದ ಜೊತೆ ಸೇರಿಕೊಳ್ಳುತ್ತವೆ. ಲ್ಯಾಪ್‌ಟಾಪಿಗೆ ಟ್ರೈನರ್ ಕಾಣಿಸುತ್ತಿಲ್ಲ ಎಂದರೆ ಮೊದಲು ಜೇಬಿನ ಮೊಬೈಲಿನಲ್ಲಿ ತೆರೆದಿಟ್ಟ ಆ್ಯಪ್ ಮುಚ್ಚಿ ನೋಡಿ.

ಬೆಲೆಚೀಟಿಯಲ್ಲಿ ಇಲ್ಲದ ಖರ್ಚು

ಕ್ಯಾಸೆಟ್ ಅನೇಕ ಮಾದರಿಗಳಲ್ಲಿ ಪ್ರತ್ಯೇಕ. ಅದನ್ನು ಕೂರಿಸಲು ಲಾಕ್‌ರಿಂಗ್ ಟೂಲ್ ಬೇಕು; ಸೈಕಲ್ ಅಂಗಡಿಯವರಿಂದ ಮಾಡಿಸಿಕೊಳ್ಳುವುದೇ ಅಗ್ಗ. ಇದಕ್ಕಿಂತ ಮುಖ್ಯವಾದದ್ದು ಫ್ಯಾನ್. ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಐದರಲ್ಲೊಂದು ಪಾಲು, ಹೆಚ್ಚೆಂದರೆ ನಾಲ್ಕರಲ್ಲೊಂದು. ಮಿಕ್ಕಿದ್ದೆಲ್ಲ ಸೆಖೆ. 200 ವಾಟ್ ತುಳಿಯುವಾಗ ಮೈಯಿಂದ 600ರಿಂದ 800 ವಾಟ್ ಬಿಸಿ ಹೊರಬೀಳುತ್ತದೆ, ಇಸ್ತ್ರಿಪೆಟ್ಟಿಗೆ ಹಾಕಿಟ್ಟಂತೆ. ರಸ್ತೆಯಲ್ಲಿ ಎದುರುಗಾಳಿ ಅದನ್ನು ಒಯ್ಯುತ್ತದೆ, ಕೋಣೆಯಲ್ಲಿ ಒಯ್ಯುವವರಿಲ್ಲ. ಮಂಗಳೂರಿನಂಥ ತೇವದ ಊರಿನಲ್ಲಿ ಬೆವರು ಆರುವುದೂ ಇಲ್ಲ. ಸೀಲಿಂಗ್ ಫ್ಯಾನ್ ಸಾಲದು. ಎದೆಗೆ ನೇರ ಬೀಸುವ ಪೆಡೆಸ್ಟಲ್ ಫ್ಯಾನ್ ಬೇಕೇ ಬೇಕು. ಹ್ಯಾಂಡಲ್ ಮೇಲೊಂದು ಟವೆಲ್ ಹೊದಿಸಿ. ಬೆವರಿನ ಉಪ್ಪು ಹೆಡ್‌ಸೆಟ್ ಬೇರಿಂಗಿಗೆ, ಬೋಲ್ಟುಗಳಿಗೆ ಇಳಿದು ಸದ್ದಿಲ್ಲದೆ ತುಕ್ಕು ಹಿಡಿಸುತ್ತದೆ.

ಆಮೇಲೆ ಆ್ಯಪ್ ಚಂದಾ. ಜ್ವಿಫ್ಟ್ 2024ರಲ್ಲಿ ತಿಂಗಳಿಗೆ 19.99 ಡಾಲರ್ ಮಾಡಿತು. ಇಪ್ಪತ್ತು ತಿಂಗಳ ಚಂದಾ ಕೂಡಿದರೆ 399 ಡಾಲರಿನ ಟ್ರೈನರ್ ಇನ್ನೊಂದು ಬರುತ್ತದೆ. ಮೈವೂಶ್ ಎಂಬ ಆ್ಯಪ್‌ಗೆ ಚಂದಾ ಇಲ್ಲ. 2024ರ ಟ್ರೈನರ್ ಸ್ಪರ್ಧೆಯ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದೂ ಅದರ ಮೇಲೆಯೇ. ಮೊದಲು ಅದರಿಂದ ಶುರುಮಾಡಿ.

ಕರೆಂಟಿನ ಮಾತು ಉಳಿಯಿತು. ಹೆಚ್ಚಿನ ಸ್ಮಾರ್ಟ್ ಟ್ರೈನರ್‌ಗಳು ವಿದ್ಯುತ್ತಿಲ್ಲದೆ ತಡೆ ಬದಲಿಸಲಾರವು. ಅವಕ್ಕೆ ಬೇಕಾಗುವ ವಿದ್ಯುತ್ತು ಅಲ್ಪ. ಮನೆಯ ಇನ್ವರ್ಟರ್ ಲೈನಿಗೆ ಸಿಕ್ಕಿಸಿದರೆ ಲೋಡ್ ಶೆಡ್ಡಿಂಗ್ ದಿನಗಳಲ್ಲೂ ಅಭ್ಯಾಸ ನಿಲ್ಲುವುದಿಲ್ಲ.

ಬಳಸಿದ್ದು, ಹೊರದೇಶದ್ದು

ಉತ್ಸಾಹದಲ್ಲಿ ಕೊಂಡು ಮೂಲೆಗಿಟ್ಟ ಟ್ರೈನರ್‌ಗಳು ಸೈಕ್ಲಿಂಗ್ ಬಳಗಗಳಲ್ಲಿ ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಬಳಸಿದ ಡೈರೆಕ್ಟ್ ಡ್ರೈವ್ ಹೊಸ ವೀಲ್-ಆನ್ ಬೆಲೆಗೆ ಸಿಕ್ಕರೆ ಅದೇ ಲಾಭದ ವ್ಯಾಪಾರ. ಫೋಟೊ ನೋಡಿ ದುಡ್ಡು ಕೊಡಬೇಡಿ. ನಿಮ್ಮ ಸೈಕಲನ್ನೇ ಒಯ್ದು ಹಾಕಿ, ಹದಿನೈದು ನಿಮಿಷ ತುಳಿಯಿರಿ. ಬೇರಿಂಗ್ ಕರಕರ ಎನ್ನುತ್ತದೆಯೇ, ಒಳಗಿನ ಬೆಲ್ಟ್ ಜಾರುತ್ತದೆಯೇ, ಸಂಪರ್ಕ ನಡುವೆ ಕಡಿಯುತ್ತದೆಯೇ, ಸ್ಪಿನ್-ಡೌನ್ ಮುಗಿಯುತ್ತದೆಯೇ ನೋಡಿ.

ಅಮೆರಿಕದಿಂದ ನೆಂಟರ ಕೈಲಿ ತರಿಸುವ ಯೋಚನೆಯಿದ್ದರೆ ಮೂರು ಸಂಗತಿ ನೆನಪಿರಲಿ. 18 ಕಿಲೊ ಯಂತ್ರ ಅವರ 23 ಕಿಲೊ ಸೂಟ್‌ಕೇಸನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಪವರ್ ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿರಬೇಕು. ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆಂದು ಲೆಕ್ಕ ಹಾಕಬೇಡಿ. ಕೆಟ್ಟಾಗ ಬಿಡಿಭಾಗ ಸಿಗುವ, ಊರಿನಲ್ಲೇ ಯಾರಾದರೂ ನೋಡಿಕೊಡುವ ಮಾದರಿ ಎರಡು ಸಾವಿರ ರೂಪಾಯಿ ಹೆಚ್ಚಾದರೂ ಮೇಲು.

ಯಾರಿಗೆ ಯಾವುದು?

ವಿಜಯಪುರ, ಬಾಗಲಕೋಟೆ ಕಡೆಯಂತೆ ಮಳೆ ಕಡಿಮೆ ಇರುವ, ಊರಾಚೆ ತೆರವಾದ ರಸ್ತೆಯಿರುವ ಕಡೆ ನೀವಿದ್ದರೆ ಟ್ರೈನರ್ ಬೇಕಿಲ್ಲ. ಆ ಹಣಕ್ಕೆ ಒಳ್ಳೆಯ ಟೈರು, ದೀಪ, ಹೆಲ್ಮೆಟ್ ಕೊಳ್ಳಿ. ಮಳೆಗಾಲದಲ್ಲಿ ಮಾತ್ರ, ವಾರಕ್ಕೆ ಒಂದೆರಡು ಸಲ ತುಳಿಯುವವರಿಗೆ ವೀಲ್-ಆನ್ ಸಾಕು. ವಾರಕ್ಕೆ ಮೂರು ಸಲಕ್ಕಿಂತ ಹೆಚ್ಚು, ವರ್ಷವಿಡೀ ತುಳಿಯುವವರು, ಫ್ಲ್ಯಾಟಿನಲ್ಲಿರುವವರು ಅತಿ ಕಡಿಮೆ ಬೆಲೆಯ ಡೈರೆಕ್ಟ್ ಡ್ರೈವ್ ಹುಡುಕಲಿ, ಬಳಸಿದ್ದಾದರೂ ಸರಿ. ಶೇ. 20 ದಾಟುವ ಏರು, 2000 ವಾಟ್, ಶೇ. 1ರ ನಿಖರತೆ ರೇಸ್ ಮಾಡುವವರ ಪಾಲಿಗಿರಲಿ. ನಿಮ್ಮ ಹಣವನ್ನು ಮೂರಕ್ಕೆ ಮೀಸಲಿಡಿ: ನಿಮ್ಮ ಸೈಕಲ್ಲಿಗೆ ಕೂರುವ ಟ್ರೈನರ್, ಒಂದು ಜೋರಾದ ಫ್ಯಾನ್, ಅಡಿಗೊಂದು ರಬ್ಬರ್ ಚಾಪೆ. ಈ ಮೂರೂ ನಿಮ್ಮ ಮಿತಿಯೊಳಗೆ ಬಂದರೆ ಮಾತ್ರ ಕೊಳ್ಳಿ. ಟ್ರೈನರಿಗೇ ಹಣವೆಲ್ಲ ಮುಗಿಯುವುದಾದರೆ ಒಂದು ಮೆಟ್ಟಿಲು ಕೆಳಗಿನ ಮಾದರಿ ನೋಡಿ.