ಕಳ್ಳ ಬೆವರು

ದಸರಾ ರಜೆ ಮುಗಿಸಿ ಹಾಸ್ಟೆಲ್‌ಗೆ ಬಂದ ವಾರವೇ ಕೆಮ್ಮು ಹತ್ತಿಕೊಂಡಿತು. ಕಫವಿಲ್ಲದ ಒಣಕೆಮ್ಮು. ಹಗಲು ಹೇಗೋ ಕಳೆಯುತ್ತಿತ್ತು, ಬೆಳಗಿನ ಜಾವ ಮೂರೂವರೆ ನಾಲ್ಕಕ್ಕೆ ಮಾತ್ರ ಅಲಾರಂ ಇಟ್ಟ ಹಾಗೆ ಎಬ್ಬಿಸಿಬಿಡುತ್ತಿತ್ತು. ನಮ್ಮ ರೂಮಿನಲ್ಲಿ ಮೂವರಿದ್ದೇವೆ. ಉಳಿದಿಬ್ಬರು ಮೊದಲ ವಾರ ಕನಿಕರ ತೋರಿಸಿದರು, ಎರಡನೇ ವಾರ ದಿಂಬು ಎಸೆದರು.

ನಿದ್ದೆಗೆಟ್ಟ ಅಂಥದ್ದೊಂದು ರಾತ್ರಿ ಕೈಗೆ ಸಿಕ್ಕಿದ್ದು ಅಕ್ಕನ ಪುಸ್ತಕ. ಅಕ್ಕ ಎಂದರೆ ದೊಡ್ಡಮ್ಮನ ಮಗಳು. ಚೀನಾದಲ್ಲಿ ಎಂಬಿಬಿಎಸ್ ಓದಿ, ಇಲ್ಲಿನ ಪರೀಕ್ಷೆ ಪಾಸು ಮಾಡಿ, ಈಗ ಹೌಸ್ ಸರ್ಜನ್ ಆಗಿದ್ದಾಳೆ. ಅಲ್ಲಿ ವಿದೇಶಿ ವಿದ್ಯಾರ್ಥಿಗಳಿಗೂ ಚೀನೀ ಸಾಂಪ್ರದಾಯಿಕ ವೈದ್ಯದ ಪರಿಚಯಕ್ಕೆಂದು ಒಂದು ಪೇಪರ್ ಇತ್ತಂತೆ. ಆಯುಧಪೂಜೆಗೆ ಮನೆ ಗುಡಿಸುವಾಗ ರದ್ದಿಗೆ ಹೊರಟಿದ್ದ ಆ ಪುಸ್ತಕವನ್ನು, ಅದರಲ್ಲಿದ್ದ ಚಿತ್ರಗಳ ಆಸೆಗೆ ನಾನು ಎತ್ತಿಟ್ಟುಕೊಂಡಿದ್ದೆ. ತೆರೆದ ಪುಟದಲ್ಲೇ ಒಂದು ಗಡಿಯಾರ. ದಿನದ ಇಪ್ಪತ್ನಾಲ್ಕು ಗಂಟೆಯನ್ನು ಹನ್ನೆರಡು ಅಂಗಗಳಿಗೆ ಎರಡೆರಡು ಗಂಟೆಯಂತೆ ಹಂಚಿದ್ದಾರೆ. ಬೆಳಗಿನ ಜಾವ ಮೂರರಿಂದ ಐದು ಶ್ವಾಸಕೋಶದ ಪಾಲು. ನನ್ನ ಕೆಮ್ಮಿಗೂ ಒಂದು ಟೈಮ್‌ಟೇಬಲ್ ಇದೆ ಎಂದು ಗೊತ್ತಾದಾಗ ಆದ ಖುಷಿ ಅಷ್ಟಿಷ್ಟಲ್ಲ!

ಅಂದಿನಿಂದ ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್ ಪಕ್ಕಕ್ಕೆ ಸರಿಯಿತು, ಶ್ವಾಸಕೋಶ ಶುರುವಾಯಿತು.

ಚೀನೀಯರ ಪಂಚತತ್ವಗಳು ನಮ್ಮ ಪಂಚಭೂತಗಳಲ್ಲ. ಮರ, ಬೆಂಕಿ, ಮಣ್ಣು, ಲೋಹ, ನೀರು – ಇವು ಐದು. ಗಾಳಿಯೂ ಇಲ್ಲ, ಆಕಾಶವೂ ಇಲ್ಲ. ಹಾಗಾದರೆ ಉಸಿರಾಡುವ ಶ್ವಾಸಕೋಶ ಯಾವ ತತ್ವಕ್ಕೆ ಸೇರಿತು? ಲೋಹಕ್ಕೆ! ಅದರ ಋತು ಶರತ್ಕಾಲ, ಬಣ್ಣ ಬಿಳಿ, ರುಚಿ ಖಾರ, ಭಾವ ದುಃಖ. ಜೋಡಿ ಅಂಗ ದೊಡ್ಡ ಕರುಳು. ಎರಡು ಸಾವಿರ ವರ್ಷಗಳಷ್ಟು ಹಳೆಯ 'ಹುವಾಂಗ್‌ದಿ ನೇಯ್‌ಜಿಂಗ್' ಎಂಬ ಗ್ರಂಥದಲ್ಲಿ ಹೃದಯ ರಾಜನಾದರೆ ಶ್ವಾಸಕೋಶ ಅವನ ಮಂತ್ರಿ. ಉಳಿದ ಅಂಗಗಳ ಮೇಲೆ ಛತ್ರಿಯ ಹಾಗೆ ಕೂತಿರುವುದರಿಂದ ಅದನ್ನು ಛತ್ರ ಎಂದೂ, ಹೊರಗಿನ ಚಳಿಗಾಳಿಗೆ ಮೊದಲು ಸಿಕ್ಕಿಬೀಳುವುದರಿಂದ ನಾಜೂಕಿನ ಅಂಗ ಎಂದೂ ಕರೆಯುತ್ತಾರೆ. 'ಚಿ' ಎಂಬ ಪ್ರಾಣಶಕ್ತಿಯನ್ನು ಕೆಳಕ್ಕಿಳಿಸಿ ಮೈಯೆಲ್ಲ ಹರಡುವುದು ಅದರ ಕೆಲಸ. ಇಳಿಯಬೇಕಾದ ಚಿ ಮೇಲಕ್ಕೆ ನುಗ್ಗಿದರೆ ಅದೇ ಕೆಮ್ಮು.

ನನಗೆ ಹಿಡಿಸಿದ್ದು ಇದರ ನಂತರದ ಭಾಗ. ಅಲ್ಲಿ 'ಕೆಮ್ಮಿಗೆ ಔಷಧಿ' ಎಂಬುದೇ ಇಲ್ಲ. ಯಾರ ಕೆಮ್ಮು, ಎಂಥ ಕೆಮ್ಮು ಎಂದು ಮೊದಲು ಕೇಳುತ್ತಾರೆ. ಚಳಿ ನಡುಕ, ತೆಳುವಾದ ಬಿಳಿ ಕಫ ಇದ್ದರೆ ಹೊರಗಿನ ತಂಡಿಗಾಳಿ ಹೊಕ್ಕಿದೆ ಎಂದರ್ಥ. ಹಳದಿ ಕಫ, ಗಂಟಲು ನೋವು ಇದ್ದರೆ ಬಿಸಿಗಾಳಿ. ಸಣ್ಣ ದನಿ, ಮೆಟ್ಟಿಲು ಹತ್ತಿದರೆ ಏದುಸಿರು, ಹಗಲಲ್ಲೇ ಬೆವರು, ಪದೇ ಪದೇ ನೆಗಡಿ ಇದ್ದರೆ ಶ್ವಾಸಕೋಶದ ಚಿ ಕಡಿಮೆಯಾಗಿದೆ. ಅದಕ್ಕೆ ಮೂರೇ ಸಾಮಗ್ರಿಗಳ ಒಂದು ಪುಡಿ ಇದೆ, ಹೆಸರು 'ಜೇಡ್ ಕಲ್ಲಿನ ಗಾಳಿತಡೆ'. ಚಿ ಕಡಿಮೆಯಾದಾಗ ಶ್ವಾಸಕೋಶವನ್ನಷ್ಟೇ ನೋಡದೆ ಜೀರ್ಣದ ಹೊಣೆ ಹೊತ್ತ ಗುಲ್ಮವನ್ನೂ ಬಲಪಡಿಸುತ್ತಾರೆ. ಗುಲ್ಮ ಮಣ್ಣಿನ ಅಂಗ, ಲೋಹ ಹುಟ್ಟುವುದು ಮಣ್ಣಿನಲ್ಲಿ, ಮಗು ಸೊರಗಿದರೆ ತಾಯಿಗೆ ಉಣ್ಣಿಸು ಎಂಬ ಲೆಕ್ಕ. ಸೂಜಿ ಚುಚ್ಚುವ ಅಕ್ಯುಪಂಕ್ಚರ್‌ನಲ್ಲಿ ಶ್ವಾಸಕೋಶದ ದಾರಿ ಎದೆಯ ಮೇಲ್ಭಾಗದಲ್ಲಿ ಶುರುವಾಗಿ ತೋಳಿನುದ್ದಕ್ಕೂ ಇಳಿದು ಹೆಬ್ಬೆರಳಿನ ಉಗುರಿನ ಮೂಲೆಯಲ್ಲಿ ಮುಗಿಯುತ್ತದೆ. ಅದರ ಮೇಲೆ ಹನ್ನೊಂದು ಬಿಂದುಗಳು.

ಪುಟ ತಿರುವಿದೆ. ಒಣಕೆಮ್ಮು, ಒಣಗಿದ ಗಂಟಲು, ಸಂಜೆಯಾಗುತ್ತಲೇ ಮೈ ಬೆಚ್ಚಗಾಗುವುದು, ಕೆಂಪಾದ ಕೆನ್ನೆ, ನಿದ್ದೆಯಲ್ಲಿ ಬೆವರು. ಈ ಬೆವರಿಗೆ ಚೀನೀಯರು ಇಟ್ಟ ಹೆಸರು 'ಕಳ್ಳ ಬೆವರು'. ನಿದ್ದೆ ಹತ್ತಿದ ಮೇಲೆ ಕಳ್ಳನ ಹಾಗೆ ಬಂದು ಎಚ್ಚರವಾದೊಡನೆ ಓಡಿಹೋಗುತ್ತದಂತೆ. ನಾನು ಎದ್ದು ನನ್ನ ಬನಿಯನ್ ಮುಟ್ಟಿ ನೋಡಿಕೊಂಡೆ. ಒದ್ದೆ. ಪುಸ್ತಕ ಹೇಳಿತು: ಇದು ಶ್ವಾಸಕೋಶದ 'ಯಿನ್' ಕೊರತೆ. ಯಿನ್ ಎಂದರೆ ದೇಹದ ತಂಪು, ಪಸೆ. ಅದು ಬತ್ತಿದರೆ ಒಳಗೆ ಒಣ ಉರಿ ಏಳುತ್ತದೆ. ನಾಲಗೆ ಕೆಂಪಾಗಿ, ಮೇಲಿನ ಬಿಳಿ ಪದರ ತೆಳುವಾಗಿರಬೇಕು. ಮೊಬೈಲ್ ಟಾರ್ಚ್ ಹಾಕಿಕೊಂಡು ಬಾತ್‌ರೂಮ್ ಕನ್ನಡಿಯಲ್ಲಿ ನೋಡಿದೆ. ಕೆಂಪಗಿತ್ತು.

ಇಷ್ಟು ಕರಾರುವಾಕ್ಕಾಗಿ ನನ್ನನ್ನು ಬಲ್ಲವರು ಇನ್ನೊಬ್ಬರಿಲ್ಲ ಅನಿಸಿತು. ನಿಜ ಹೇಳಬೇಕೆಂದರೆ, ಕಾಯಿಲೆಗೊಂದು ಹೆಸರು ಸಿಕ್ಕಿದ ಕೂಡಲೇ ಅರ್ಧ ವಾಸಿಯಾದಂತೆ ಅನಿಸುತ್ತದೆ.

ಯಿನ್ ಕೊರತೆಗೆ ಪಸೆ ಕೊಡುವ ಆಹಾರ ತಿನ್ನಬೇಕು. ಲಿಲ್ಲಿ ಗಡ್ಡೆ ನಮ್ಮ ಮಾರುಕಟ್ಟೆಯಲ್ಲಿ ಎಲ್ಲಿ ಸಿಗಬೇಕು? ಮರಸೇಬು ಸಿಕ್ಕಿತು. ಅದನ್ನು ಹೆಚ್ಚಿ ಕಲ್ಲುಸಕ್ಕರೆ ಹಾಕಿ ಬೇಯಿಸಿ ಬಿಸಿಬಿಸಿಯಾಗಿ ತಿನ್ನುವುದು ಚೀನಾದ ಮನೆಮನೆಯ ಶರತ್ಕಾಲದ ಪದ್ಧತಿ. ವಾರ್ಡನ್ ಕಣ್ಣು ತಪ್ಪಿಸಿ ಎಲೆಕ್ಟ್ರಿಕ್ ಕೆಟಲ್‌ನಲ್ಲಿ ದಿನಾ ರಾತ್ರಿ ಬೇಯಿಸಿದೆ. ರುಚಿ ಚೆನ್ನಾಗಿಯೇ ಇತ್ತು. ಗಂಟಲು ಒಂದು ಗಂಟೆ ಹೊತ್ತು ಹಿತವಾಗಿ, ನಾಲ್ಕು ಗಂಟೆಗೆ ಮತ್ತೆ ಕೆಮ್ಮು ಹಾಜರ್. ಯಿನ್ ತುಂಬಲು ಸಮಯ ಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ದೀಪಾವಳಿಗೆ ದೊಡ್ಡಮ್ಮನ ಮನೆಗೆ ಹೋದಾಗ ಕೆಮ್ಮಿಗೆ ಮೂರು ವಾರ ತುಂಬಿತ್ತು. ಎಣ್ಣೆ ನೀರು ಮುಗಿಸಿ ಕೂತಿದ್ದ ಅಕ್ಕನ ಮುಂದೆ ನನ್ನ ಪಾಂಡಿತ್ಯವೆಲ್ಲ ಬಿಚ್ಚಿದೆ. ಅವಳಿಗೂ ತಮಾಷೆ ಎನಿಸಿರಬೇಕು. ನನ್ನ ಬಲಗೈ ಹಿಡಿದು, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ಹೆಬ್ಬೆರಳಿನ ಬುಡಕ್ಕೆ ಹತ್ತಿರವಿರುವ ಬೆರಳಿನಡಿ ಸಿಗುವುದೇ ಶ್ವಾಸಕೋಶದ ನಾಡಿ.

"ನಾಲಗೆ ತೋರ್ಸು."

ತೋರಿಸಿದೆ.

"ಯಿನ್ ಕೊರತೆ ಅಲ್ವಾ ಅಕ್ಕಾ?"

"ಪುಸ್ತಕದ ಪ್ರಕಾರ ಹೌದು ಕಣೋ" ಎಂದು ನಕ್ಕಳು. ನಗು ಅಲ್ಲಿಗೇ ನಿಂತಿತು. "ತೂಕ ನೋಡ್ಕೊಂಡಿದೀಯಾ?"

ನೋಡಿಕೊಂಡಿರಲಿಲ್ಲ. ಬೆಲ್ಟಿಗೆ ಹೊಸದಾಗಿ ಎರಡು ತೂತು ಕೊರೆದಿದ್ದೆ, ಅಷ್ಟೇ. ಮೆಸ್ ಊಟದ ಮಹಿಮೆ ಎಂದುಕೊಂಡಿದ್ದೆ.

"ಇದೇ ಲಕ್ಷಣಗಳನ್ನ ಸೇರಿಸಿ ಅಲ್ಲಿಯ ಹಳೇ ವೈದ್ಯರು ಇನ್ನೊಂದು ಹೆಸರು ಹೇಳ್ತಿದ್ರು, ಫೇಯ್ ಲಾವ್ ಅಂತ. ಹಾಗಂದ್ರೆ ಏನು ಗೊತ್ತಾ? ಕ್ಷಯ. ನಾಳೆ ಹಬ್ಬ ಅಂತ ನೋಡ್ಬೇಡ. ಆಸ್ಪತ್ರೆಗೆ ಹೋಗಿ ಕಫ ಕೊಡು."

ಒಣಕೆಮ್ಮಿನವನಿಗೆ ಕಫ ಕೊಡುವುದು ಸುಲಭದ ಮಾತಲ್ಲ. ಲ್ಯಾಬಿನವರು ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಲು ಹೇಳಿಕೊಟ್ಟರು. ಸಿಬಿ-ನ್ಯಾಟ್ ಎಂಬ ಯಂತ್ರಕ್ಕೆ ಸುಮಾರು ಎರಡು ಗಂಟೆ ಸಾಕಂತೆ, ಕ್ಷಯದ ಬ್ಯಾಕ್ಟೀರಿಯಾ ಇದೆಯೇ ಎನ್ನುವುದರ ಜೊತೆಗೆ ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಅದು ಬಗ್ಗುತ್ತದೆಯೇ ಎಂದೂ ಹೇಳಿಬಿಡುತ್ತದೆ. ನನ್ನಲ್ಲಿ ಬ್ಯಾಕ್ಟೀರಿಯಾ ಇತ್ತು. ಪುಣ್ಯಕ್ಕೆ ಬಗ್ಗುವಂಥದ್ದು. ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಮಬ್ಬು, ಕಿಟಕಿ ಗಾಜಿಗೆ ಉಸಿರು ಊದಿದ ಹಾಗೆ.

ಅಂದು ಮೊದಲು ನೆನಪಾಗಿದ್ದು ನನ್ನ ಎದೆಯಲ್ಲ, ದಿಂಬು ಎಸೆದಿದ್ದ ಇಬ್ಬರು. ಒಂದೇ ರೂಮು, ಮುಚ್ಚಿದ ಕಿಟಕಿ, ಮೂರು ವಾರ. ನಾನು ಯಿನ್ ತುಂಬಿಸಿಕೊಳ್ಳುತ್ತಿದ್ದಾಗ ಅವರು ನಾನು ಕೆಮ್ಮಿದ ಗಾಳಿಯನ್ನೇ ಉಸಿರಾಡುತ್ತಿದ್ದರು. ಇಬ್ಬರನ್ನೂ ಕರೆಸಿ ಪರೀಕ್ಷೆ ಮಾಡಿದರು, ಏನೂ ಸಿಗಲಿಲ್ಲ. ಒಬ್ಬ ಈಗ ಬೇರೆ ರೂಮಿನಲ್ಲಿದ್ದಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಆ ಪುಸ್ತಕ ಸುಳ್ಳು ಹೇಳಿತೇ? ಇಲ್ಲ. ಅದು ಬರೆದ ಒಂದೊಂದು ಲಕ್ಷಣವೂ ನನ್ನ ಮೈಮೇಲೆ ಇತ್ತು. 14ನೇ ಶತಮಾನದ ಝು ದಾನ್‌ಶಿ ಎಂಬ ವೈದ್ಯ ಕ್ಷಯದ ಮೂಲದಲ್ಲಿ ಯಿನ್ ಕೊರತೆಯೇ ಮುಖ್ಯ ಎಂದಿದ್ದನಂತೆ. ಈ ರೋಗ ಒಬ್ಬರಿಂದೊಬ್ಬರಿಗೆ ಹರಡುತ್ತದೆ, ಎದೆಯೊಳಗೆ ಯಾವುದೋ ಹುಳು ಇರಬೇಕು ಎಂದೂ ಅಲ್ಲಿಯ ಹಳೆಯ ವೈದ್ಯರು ಊಹಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ಆ 'ಹುಳು'ವನ್ನು ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ. ನಮ್ಮ ಲ್ಯಾಬಿನಲ್ಲಿ ಬೋರ್ಡಿನ ಎಲ್‌ಇಡಿ ಉರಿಯದಿದ್ದರೆ ವೈರ್ ಸಡಿಲವಾಗಿರಬಹುದು, ಐಸಿ ಸುಟ್ಟಿರಬಹುದು, ಪವರ್ ಇಲ್ಲದಿರಬಹುದು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಮಲ್ಟಿಮೀಟರ್ ಇಡದೆ ಐಸಿ ಬದಲಾಯಿಸುವವನನ್ನು ನಮ್ಮ ಲ್ಯಾಬ್ ಸರ್ ಹೊರಗೆ ನಿಲ್ಲಿಸುತ್ತಾರೆ. ಅಕ್ಕ ಓದಿದ ಊರಿನ ಆಸ್ಪತ್ರೆಯಲ್ಲಿ ಸಾಂಪ್ರದಾಯಿಕ ವಿಭಾಗದ ಡಾಕ್ಟರು ನಾಡಿ ಹಿಡಿದ ಕೈಯಲ್ಲೇ ಸಿ.ಟಿ. ಸ್ಕ್ಯಾನಿಗೂ ಚೀಟಿ ಬರೆಯುತ್ತಿದ್ದರಂತೆ. ಅಷ್ಟನ್ನು ನಾನು ಪುಸ್ತಕದಿಂದ ಕಲಿತಿರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಮರಸೇಬಿನಿಂದ ಗುಣ ಕಾಣದಿದ್ದಾಗ ಆನ್‌ಲೈನ್‌ನಲ್ಲಿ ಚೀನೀ ಕೆಮ್ಮಿನ ಗುಳಿಗೆ ಹುಡುಕಿದ್ದೆ. ಮಾಹುವಾಂಗ್ ಎಂಬ ಗಿಡ ನಿಜಕ್ಕೂ ಉಸಿರುನಾಳ ಹಿಗ್ಗಿಸುತ್ತದೆ. ಅದರಲ್ಲಿರುವ ಎಫೆಡ್ರಿನ್ ಅನ್ನು 1885ರಲ್ಲಿ ಜಪಾನಿನ ನಾಗಾಯಿ ನಾಗಾಯೋಶಿ ಬೇರ್ಪಡಿಸಿದರು. ಅದೇ ವಸ್ತು ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಎಫೆಡ್ರಿನ್ ಇರುವ ಪೂರಕ ಆಹಾರಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಗಿಡಮೂಲಿಕೆ ತಾನೇ, ಏನಾಗುತ್ತೆ ಎಂದು ಆರ್ಡರ್ ಮಾಡಲು ಹೊರಟಿದ್ದವನನ್ನು ತಡೆದದ್ದು ಜ್ಞಾನವಲ್ಲ, ಡೆಲಿವರಿ ಚಾರ್ಜು.

ಈಗ ನಾಲ್ಕನೇ ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲಿನ ನಾಲ್ಕು ತಿಂಗಳು ಮೂರು. ಒಂದೇ ಗುಳಿಗೆಯಲ್ಲಿ ಸೇರಿಸಿರುತ್ತಾರೆ, ತೂಕ ನೋಡಿ ದಿನಕ್ಕೆ ಎಷ್ಟು ಎಂದು ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲ ಉಚಿತ, ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿಯೂ ಇದೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ ಮೊದಲ ದಿನ ಹೆದರಿ ಅಕ್ಕನಿಗೆ ಫೋನ್ ಮಾಡಿದ್ದೆ, ಬೈಸಿಕೊಂಡೆ. ಈ ಗುಳಿಗೆಗಳು ಯಕೃತ್ತಿಗೆ ಭಾರ. ಡಾಕ್ಟರನ್ನು ಕೇಳದೆ ಬೇರೆ ಯಾವ ಕಷಾಯವನ್ನೂ ಕುಡಿಯುವ ಹಾಗಿಲ್ಲ. ಮೂರನೇ ವಾರಕ್ಕೇ ಕೆಮ್ಮು ತಗ್ಗಿತು, ಬೆವರು ನಿಂತಿತು. ಎಲ್ಲ ಸರಿಹೋಯಿತು ಎಂದು ಗುಳಿಗೆ ಬಿಡಬೇಕೆನಿಸುವುದೂ ಆಗಲೇ. ನನಗೂ ಅನಿಸಿತ್ತು.

ಆಗ ಅಕ್ಕ ಒಂದು ಕಥೆ ಹೇಳಿದಳು. ಚೀನಾದ ನಿಂಗ್ಬೋ ಊರಿನ ಒಬ್ಬ ಹುಡುಗಿಗೆ ಹದಿನಾರನೇ ವಯಸ್ಸಿನಲ್ಲಿ ಕ್ಷಯ ಬಂತು. ಎರಡು ವರ್ಷ ಓದು ನಿಂತಿತು. ವಾಸಿಯಾದ ಮೇಲೆ ವೈದ್ಯಕೀಯ ಸಂಶೋಧನೆಯನ್ನೇ ಆರಿಸಿಕೊಂಡಳು. ಮುಂದೆ, ನಾಲ್ಕನೇ ಶತಮಾನದ ಗ ಹೊಂಗ್ ಎಂಬಾತನ ಪುಸ್ತಕದಲ್ಲಿ ಜ್ವರಕ್ಕೆ ಒಂದು ಸೊಪ್ಪನ್ನು ಕುದಿಸದೆ ತಣ್ಣೀರಿನಲ್ಲಿ ನೆನೆಸಿ ಹಿಂಡಬೇಕು ಎಂದಿದ್ದನ್ನು ಗಮನಿಸಿ, ಕಡಿಮೆ ಶಾಖದಲ್ಲಿ ಅದರ ಸಾರ ತೆಗೆದಳು. ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸಿ, ಆಮೇಲೆ ತಾನೇ ಕುಡಿದು ನೋಡಿದಳು. ಮಲೇರಿಯಾದ ಔಷಧಿ ಆರ್ಟೆಮಿಸಿನಿನ್ ಹುಟ್ಟಿದ್ದು ಹಾಗೆ. ಟು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು.

"ಅವರೂ ಹಳೇ ಪುಸ್ತಕವನ್ನೇ ಓದಿದ್ದು, ನೀನೂ ಹಳೇ ಪುಸ್ತಕವನ್ನೇ ಓದಿದ್ದು" ಎಂದಳು ಅಕ್ಕ, ಮುಂದೆ ಏನೂ ಹೇಳಲಿಲ್ಲ.

ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ. ಮೊದಲು ಖಾಲಿಯಾದ ಗುಳಿಗೆ ಪಟ್ಟಿ ತೋರಿಸಬೇಕು, ಆಮೇಲೆ ತೂಕ ಹೇಳಬೇಕು. ಐದೂವರೆ ಕಿಲೋ ಏರಿದ್ದೇನೆ, ಬೆಲ್ಟಿನ ಹೊಸ ತೂತುಗಳು ಈಗ ದಂಡ. ಕೊನೆಗೆ, ಫೋನ್ ಇಡುವ ಮುಂಚೆ, ಇಬ್ಬರೂ ನಗುತ್ತಿರುವಾಗಲೇ "ನಾಲಗೆ ತೋರ್ಸು" ಎನ್ನುತ್ತಾಳೆ. ತೋರಿಸುತ್ತೇನೆ.